ಫಾಗ್ ಲೈಟ್ ಒಡೆದರೆ ಬಂಪರ್ ಇಳಿಸಬೇಕಾಗಿಲ್ಲ

ಕಳೆದ ಜುಲೈನಲ್ಲಿ ಚಾರ್ಮಾಡಿ ಹತ್ತಿ, ಕೊಟ್ಟಿಗೆಹಾರ ದಾಟಿ ಮೂಡಿಗೆರೆ ಕಡೆ ಬರುತ್ತಿದ್ದೆ. ಮುಂದೆ ಒಂದು ಟಿಪ್ಪರ್. ಅದರ ಚಕ್ರದಿಂದ ಜಲ್ಲಿಕಲ್ಲು ಸಿಡಿದು ಟಪ್ ಅಂತ ಎಲ್ಲೋ ಬಡಿಯಿತು. ಮುಂದಿನ ಗಾಜಿಗೆ ಏನೂ ಆಗಿರಲಿಲ್ಲ, ಬಚಾವಾದೆ ಅಂದುಕೊಂಡೆ. ಮನೆಗೆ ಬಂದು ನೋಡಿದರೆ ಎಡಗಡೆ ಫಾಗ್ ಲೈಟಿನಲ್ಲಿ, ಅಂದರೆ ಮಂಜಿಗೆ ಅಂತ ಬಂಪರಿನಲ್ಲಿ ಕೆಳಗಡೆ ಇಟ್ಟಿರುವ ದೀಪದಲ್ಲಿ, ಹೆಬ್ಬೆರಳು ತೂರುವಷ್ಟು ತೂತು. ಒಳಗೆ ನೀರು, ಬಲ್ಬ್ ಚೂರುಚೂರು. ಮಾರನೇ ದಿನ ಒಂದು ಗ್ಯಾರೇಜಿಗೆ ಹೋದರೆ ಬಂಪರ್ ಪೂರ್ತಿ ಇಳಿಸಬೇಕು, ಗಾಡಿ ಬಿಟ್ಟುಹೋಗಿ, ನಾಡಿದ್ದು ಬನ್ನಿ ಅಂದರು. ಸಿಟ್ಟು ಬಂತು, ವಾಪಸ್ ಬಂದೆ. ಕೊನೆಗೆ ಮನೆ ಅಂಗಳದಲ್ಲೇ ಮುಕ್ಕಾಲು ಗಂಟೆಯಲ್ಲಿ ಕೆಲಸ ಮುಗಿಯಿತು, ಅದರಲ್ಲಿ ಅರ್ಧ ಹೊತ್ತು ಕೆಸರು ತೊಳೆಯುವುದಕ್ಕೇ ಹೋಯಿತು.

ಮೊದಲು ಏನು ಕೆಟ್ಟಿದೆ ಅಂತ ನೋಡಿಕೊಳ್ಳಿ. ಸುಮಾರು ಕಾರುಗಳಲ್ಲಿ ಪಾರ್ಕಿಂಗ್ ಲೈಟ್ ಅಥವಾ ಹೆಡ್‌ಲೈಟ್ ಹಾಕದೆ ಫಾಗ್ ಲೈಟ್ ಉರಿಯುವುದೇ ಇಲ್ಲ, ಇದು ಗೊತ್ತಿಲ್ಲದೆ ಸುಮ್ನೆ ಬಲ್ಬ್ ಬದಲಾಯಿಸಿದವರನ್ನು ನಾನೇ ನೋಡಿದ್ದೇನೆ. ಎರಡೂ ಕಡೆ ಉರಿಯುತ್ತಿಲ್ಲ ಅಂದರೆ ಬಲ್ಬಿನ ಮೇಲೆ ಅನುಮಾನ ಪಡುವ ಮೊದಲು ಫ್ಯೂಸ್ ನೋಡಿ, ಆಮೇಲೆ ರಿಲೇ, ಅಂದರೆ ಲೈಟಿಗೆ ಕರೆಂಟ್ ಬಿಡುವ ಸಣ್ಣ ಸ್ವಿಚ್ ಡಬ್ಬಿ. ಫ್ಯೂಸ್ ಹೋಗಿದ್ದರೆ ಅಷ್ಟೇ ಆಂಪಿಯರಿನದನ್ನೇ ಹಾಕಿ. ಕೆಂಪು 10, ನೀಲಿ 15, ಹಳದಿ 20. ನೀಲಿ ಇದ್ದ ಜಾಗಕ್ಕೆ ಹಳದಿ ತುರುಕಿದರೆ ಫ್ಯೂಸ್ ಉಳಿಯುತ್ತದೆ, ವೈರ್ ಸುಡುತ್ತದೆ. ಒಂದೇ ಕಡೆ ಹೋಗಿದ್ದರೆ ಬಲ್ಬ್ ಅಥವಾ ಅದಕ್ಕೆ ಸಿಕ್ಕಿಸುವ ಕಪ್ಲರ್, ಇವೆರಡರಲ್ಲಿ ಒಂದು. ಸರಿ ಇರುವ ಕಡೆಯ ಬಲ್ಬ್ ತೆಗೆದು ಈ ಕಡೆ ಹಾಕಿ ನೋಡಿದರೆ ಯಾವುದು ಅಂತ ತಿಳಿಯುತ್ತದೆ.

ಗಾಜು ಚೆನ್ನಾಗಿದ್ದು ಬಲ್ಬ್ ಮಾತ್ರ ಹೋಗಿದ್ದರೆ ಬಲ್ಬ್ ಸಾಕು. ಗಾಜು ಒಡೆದಿದ್ದರೆ ಆ ಕಡೆಯ ಲೈಟ್ ಪೂರ್ತಿ ತರಬೇಕು. ಒಡೆದ ಗಾಜಿಗೆ ಎಂಸೀಲ್, ಸೆಲ್ಲೋಟೇಪ್ ಹಚ್ಚಿ ಓಡಿಸುವವರಿದ್ದಾರೆ, ನಮ್ಮ ಕಡೆಯ ಮಳೆಗೆ ಅದು ಎರಡು ದಿನ ಬರಲ್ಲ. ಬಿಸಿಯಾದ ಬಲ್ಬಿನ ಮೇಲೆ ತಣ್ಣೀರು ಬಿದ್ದರೆ ಅದು ಸಿಡಿಯಬಹುದು. ಕಂಪನಿಯಿಂದಲೇ ಎಲ್‌ಇಡಿ ಫಾಗ್ ಲೈಟ್ ಬಂದಿರುವ ಕಾರಾದರೆ ಸಾಮಾನ್ಯವಾಗಿ ಬಲ್ಬ್ ಬೇರೆ ಬರುವುದಿಲ್ಲ, ಪೂರ್ತಿ ಲೈಟೇ ಬದಲಾಯಿಸಬೇಕು.

ಅಂಗಡಿಗೆ ಹೋಗುವಾಗ ಹಳೇ ಬಲ್ಬ್ ಕೈಯಲ್ಲಿ ಇಟ್ಟುಕೊಂಡೇ ಹೋಗಿ. ಅದರ ಬುಡದಲ್ಲಿ ಎಚ್8, ಎಚ್11, ಎಚ್16 ಅಂತ ಏನಾದರೂ ಬರೆದಿರುತ್ತದೆ. ನೋಡುವುದಕ್ಕೆ ಮೂರೂ ಅಣ್ಣತಮ್ಮಂದಿರ ಹಾಗೆ. ಆದರೆ ಎಚ್11 55 ವ್ಯಾಟ್, ಎಚ್8 35, ಎಚ್16 ಬರೀ 19. ಒಂದರ ಜಾಗದಲ್ಲಿ ಇನ್ನೊಂದು ಕೂರಬಾರದು ಅಂತಲೇ ಬುಡದ ಕಿವಿಗಳನ್ನು ಬೇರೆಬೇರೆ ಮಾಡಿರುತ್ತಾರೆ. ಅರದಿಂದ ಕಿವಿ ಉಜ್ಜಿ ಕೂರಿಸಿಕೊಡುತ್ತೇನೆ ಅನ್ನುವ ಅಂಗಡಿಯಿಂದ ಹೊರಗೆ ಬನ್ನಿ. 100 ವ್ಯಾಟ್ ಬಲ್ಬೂ ಬೇಡ, 12 ವೋಲ್ಟಿನಲ್ಲಿ ಅದು 8 ಆಂಪಿಯರಿಗೂ ಮೀರಿ ಎಳೆಯುತ್ತದೆ, ಪ್ಲಾಸ್ಟಿಕ್ ಹೋಲ್ಡರ್ ಮೇಣದ ಹಾಗೆ ಕರಗುತ್ತದೆ.

ಬೇಕಾಗುವ ಸಾಮಾನು ಜಾಸ್ತಿ ಏನಿಲ್ಲ. ಸ್ಟಾರ್ ಸ್ಕ್ರೂಡ್ರೈವರ್, ಚಪ್ಪಟೆ ಸ್ಕ್ರೂಡ್ರೈವರ್, ಹತ್ತನೇ ನಂಬರ್ ಸ್ಪ್ಯಾನರ್, ಹಳೇ ಟೂತ್‌ಬ್ರಷ್, ಒಂದು ಮಗ್ ನೀರು, ಕೂರುವುದಕ್ಕೆ ಗೋಣಿಚೀಲ. ಜಾಕ್ ಹಾಕುವ ಅಗತ್ಯ ಸಾಮಾನ್ಯವಾಗಿ ಬರುವುದಿಲ್ಲ.

ಎಂಜಿನ್ ಸ್ಟಾರ್ಟ್ ಮಾಡಿ ಸ್ಟಿಯರಿಂಗ್ ಪೂರ್ತಿ ತಿರುಗಿಸಿ. ಎಡಗಡೆ ಲೈಟ್ ಕೆಟ್ಟಿದ್ದರೆ ಬಲಕ್ಕೆ, ಬಲಗಡೆಯದಾದರೆ ಎಡಕ್ಕೆ. ಇದು ಉಲ್ಟಾ ಆದರೆ ಟೈರ್ ಅಡ್ಡ ಬಂದು ಕೈ ತೂರುವುದಿಲ್ಲ. ಆಮೇಲೆ ಎಂಜಿನ್ ಆಫ್, ಲೈಟ್ ಆಫ್, ಹ್ಯಾಂಡ್‌ಬ್ರೇಕ್. ಈಗಷ್ಟೇ ಲೈಟ್ ಉರಿದಿದ್ದರೆ ಒಂದು ಕಾಫಿ ಕುಡಿದು ಬನ್ನಿ, ಹ್ಯಾಲೊಜನ್ ಬಲ್ಬಿನ ಮೈ ನೂರಾರು ಡಿಗ್ರಿ ಕಾದಿರುತ್ತದೆ.

ಈಗ ಚಕ್ರದ ಮುಂದೆ, ಬಂಪರಿನ ಒಳಬದಿಗೆ ಕರೀ ಪ್ಲಾಸ್ಟಿಕ್ ಹಾಳೆ ಕಾಣುತ್ತದಲ್ಲ, ಅದೇ ಲೈನರ್. ಅದನ್ನು ಹಿಡಿದುಕೊಂಡಿರುವುದು ನಾಲ್ಕೈದು ಸ್ಕ್ರೂ ಮತ್ತು ಗುಂಡಿಯಂಥ ಕ್ಲಿಪ್ಪುಗಳು. ಜನ ಎಡವುವುದು ಈ ಕ್ಲಿಪ್ಪಿನಲ್ಲಿ. ಸ್ಕ್ರೂಡ್ರೈವರ್ ತೂರಿಸಿ ಮೀಟಿದರೆ ತಲೆ ಕಿತ್ತು ಬರುತ್ತದೆ, ಕಾಲು ಒಳಗೇ ಉಳಿಯುತ್ತದೆ. ಸರಿಯಾಗಿ ನೋಡಿ, ಕ್ಲಿಪ್ಪಿನ ನಡುವೆ ಇನ್ನೊಂದು ಸಣ್ಣ ವೃತ್ತ ಇರುತ್ತದೆ. ನನ್ನ ಕಾರಿನಲ್ಲಿ ಅದು ಕಾಣುತ್ತಲೇ ಇರಲಿಲ್ಲ, ಎಸ್ಟೇಟ್ ರಸ್ತೆಯ ಕೆಮ್ಮಣ್ಣು ಗಾರೆಯ ಹಾಗೆ ಕಟ್ಟಿಕೊಂಡಿತ್ತು. ನೀರು ಹಾಕಿ, ಐದು ನಿಮಿಷ ನೆನೆಯಲು ಬಿಟ್ಟು, ಬ್ರಷ್ಷಿನಲ್ಲಿ ತಿಕ್ಕಿದ ಮೇಲೆ ಹೊರಗೆ ಬಂತು. ನಡುವಿನ ಆ ಗುಂಡಿಯನ್ನು ಪೆನ್ನಿನ ತುದಿಯಿಂದ ಒತ್ತಿದರೆ ಟಿಕ್ ಅಂತ ಒಂದೆರಡು ಮಿಲಿಮೀಟರ್ ಒಳಗೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಿ, ಇನ್ನೂ ಒತ್ತಿದರೆ ಗುಂಡಿ ಆಚೆ ಬಿದ್ದು ಕಳೆದುಹೋಗುತ್ತದೆ. ಆಮೇಲೆ ಇಡೀ ಕ್ಲಿಪ್ ಉಗುರಿನಲ್ಲಿ ಎಳೆದರೂ ಬರುತ್ತದೆ. ಕೆಲವು ಕಾರಿನಲ್ಲಿ ಒತ್ತುವುದಲ್ಲ, ನಡುವಿನ ಗುಂಡಿಯನ್ನು ಮೇಲಕ್ಕೆ ಎತ್ತಬೇಕು, ಅಂಥದ್ದರಲ್ಲಿ ಅಂಚಿಗೆ ಒಂದು ಸಣ್ಣ ಕಚ್ಚು ಇರುತ್ತದೆ. ಏನೇ ಮಾಡಿದರೂ ಒಂದೆರಡು ಮುರಿದೇ ಮುರಿಯುತ್ತವೆ, ಸ್ಪೇರ್ ಅಂಗಡಿಯಲ್ಲಿ ನಾಲ್ಕು ಜಾಸ್ತಿ ತಂದಿಟ್ಟುಕೊಳ್ಳಿ.

ಲೈನರನ್ನು ಪೂರ್ತಿ ಬಿಚ್ಚಬೇಡಿ. ಮುಂದಿನ ಅಂಚನ್ನಷ್ಟೇ ಬಿಡಿಸಿ, ಚಕ್ರದ ಕಡೆ ಬಾಗಿಸಿ ಮೊಣಕೈಯಲ್ಲಿ ಒತ್ತಿ ಹಿಡಿದರೆ ಕೈ ಹೋಗುವಷ್ಟು ಜಾಗವಾಗುತ್ತದೆ. ಕಣ್ಣಿಗಿಂತ ಬೆರಳಿಗೇ ಇಲ್ಲಿ ಕೆಲಸ. ಲೈಟಿನ ಬೆನ್ನಿಗೆ ಕಪ್ಲರ್ ಸಿಗುತ್ತದೆ. ಅದರ ಲಾಕ್ ಒತ್ತಿಕೊಂಡು ಎಳೆಯಿರಿ. ವೈರ್ ಹಿಡಿದು ಎಳೆಯಬೇಡಿ, ಕಪ್ಲರ್ ಹಿಡಿದು ಎಳೆಯಿರಿ. ಪಿನ್ನುಗಳ ಮೇಲೆ ಹಸಿರು ಪಾಚಿ ತರಹ ಕಂಡರೆ ತಾಮ್ರ ಕಿಲುಬು ಹಿಡಿದಿದೆ ಅಂತ ಅರ್ಥ, ಅದನ್ನು ಕೆರೆದು ತೆಗೆಯದೆ ಹೊಸ ಬಲ್ಬ್ ಹಾಕಿ ಪ್ರಯೋಜನವಿಲ್ಲ. ಬಲ್ಬ್ ಮಾತ್ರ ಬದಲಾಯಿಸುವುದಾದರೆ ಗಡಿಯಾರದ ಉಲ್ಟಾ ದಿಕ್ಕಿಗೆ ಸ್ವಲ್ಪ ತಿರುಗಿಸಿದರೆ ಕೈಗೆ ಬರುತ್ತದೆ.

ಹೊಸ ಬಲ್ಬಿನ ಗಾಜನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕೈ ತೊಳೆದಿದ್ದರೂ ಬೆರಳಲ್ಲಿ ಜಿಡ್ಡು ಇರುತ್ತದೆ. ಬಲ್ಬ್ ಕಾದಾಗ ಆ ಜಿಡ್ಡಿನ ಜಾಗ ಮಾತ್ರ ಬೇರೆ ಥರ ಬಿಸಿಯಾಗಿ ಗಾಜು ಬಿರುಕು ಬಿಡುತ್ತದೆ. ಬುಡ ಹಿಡಿದು ಹಾಕಿ. ಮುಟ್ಟಿಬಿಟ್ಟರೆ ಸ್ಪಿರಿಟ್ ಹಾಕಿದ ಬಟ್ಟೆಯಲ್ಲಿ ಒರೆಸಿ, ಒಣಗಿಸಿ ಹಾಕಿ.

ಲೈಟ್ ಪೂರ್ತಿ ಬದಲಾಯಿಸುವುದಾದರೆ ಅದೇ ಸಂದಿಯಲ್ಲಿ ಅದನ್ನು ಹಿಡಿದಿರುವ ಎರಡು ಮೂರು ಸ್ಕ್ರೂ ಇರುತ್ತವೆ, ಬಿಚ್ಚಿದರೆ ಹಿಂದಕ್ಕೆ ಬರುತ್ತದೆ. ಕೆಲವು ಮಾಡೆಲ್‌ಗಳಲ್ಲಿ ಮಾತ್ರ ಲೈಟಿನ ಸುತ್ತ ಇರುವ ಪ್ಲಾಸ್ಟಿಕ್ ಬಳೆಯನ್ನು ಮುಂದಿನಿಂದ ಕಳಚಬೇಕು. ಆಗ ಸ್ಕ್ರೂಡ್ರೈವರ್ ತುದಿಗೆ ಬಟ್ಟೆ ಸುತ್ತಿಕೊಳ್ಳಿ, ಇಲ್ಲವಾದರೆ ಬಂಪರಿನ ಪೇಂಟಿಗೆ ಗೀರು ಬೀಳುತ್ತದೆ. ಗಾಜಿನ ಚೂರು ಲೈನರ್ ಒಳಗೆ ಬಿದ್ದಿರುತ್ತವೆ, ಮೊದಲು ಅದನ್ನು ಜಾಡಿಸಿ. ಹೊಸ ಲೈಟಿನ ಬೆನ್ನಿಗೆ ಸಣ್ಣ ರಬ್ಬರ್ ಕೊಳವೆಯೋ ತೂತೋ ಇದ್ದರೆ ಸಿಲಿಕೋನ್ ಹಾಕಿ ಮುಚ್ಚಬೇಡಿ, ಒಳಗಿನ ತೇವ ಹೊರಗೆ ಹೋಗುವ ದಾರಿ ಅದೇ.

ಮುಚ್ಚುವ ಮೊದಲು ಒಮ್ಮೆ ಉರಿಸಿ ನೋಡಿ. ನಾನು ಎಲ್ಲಾ ಕ್ಲಿಪ್ ಹಾಕಿ ಮುಗಿಸಿ ಎದ್ದು ನಿಂತ ಮೇಲೆ ನೋಡಿದ್ದು, ಕಪ್ಲರ್ ಪೂರ್ತಿ ಕೂತೇ ಇರಲಿಲ್ಲ. ಕ್ಲಿಪ್ ಮತ್ತೆ ಹಾಕುವಾಗ ನಡುವಿನ ಗುಂಡಿ ಸ್ವಲ್ಪ ಹೊರಗೆ ಚಾಚಿರಬೇಕು, ತೂತಿಗೆ ಕೂರಿಸಿ ಆಮೇಲೆ ಮಟ್ಟಸವಾಗಿ ಒತ್ತಬೇಕು.

ಇಷ್ಟಾದ ಮೇಲೆ ಬಹಳ ಜನ ಕೈ ತೊಳೆದುಬಿಡುತ್ತಾರೆ. ಆದರೆ ಬೆಳಕು ಎಲ್ಲಿ ಬೀಳುತ್ತಿದೆ ಅಂತ ನೋಡದಿದ್ದರೆ ಫಾಗ್ ಲೈಟ್ ಇದ್ದೂ ಇಲ್ಲದ ಹಾಗೆ. ಅದನ್ನು ಅಷ್ಟು ಕೆಳಗೆ ಇಟ್ಟಿರುವುದೇ ಬೆಳಕು ಅಗಲವಾಗಿ ನೆಲಕ್ಕೆ ಹತ್ತಿರ ಹೋಗಲಿ, ರಸ್ತೆಯ ಅಂಚು ಕಾಣಲಿ ಅಂತ. ಅದು ಮೇಲಕ್ಕೆ ಹೋಯಿತೋ, ಮಂಜಿನ ಹನಿಗೆ ಬಡಿದು ನಿಮ್ಮ ಕಣ್ಣಿಗೇ ವಾಪಸ್ ಬರುತ್ತದೆ. ಮಂಜಿನಲ್ಲಿ ಹೈಬೀಮ್ ಹಾಕಿದರೆ ಮುಂದೆ ಬಿಳೀ ಪಂಚೆ ಕಟ್ಟಿದ ಹಾಗೆ ಆಗುತ್ತದಲ್ಲ, ಅದೇ ಕಥೆ. ಹಳದಿ ಬಲ್ಬ್ ಹಾಕಿದರೆ ಮಂಜು ಸೀಳಿಕೊಂಡು ಹೋಗುತ್ತದೆ ಅನ್ನುವುದನ್ನೂ ಪೂರ್ತಿ ನಂಬಬೇಡಿ. ಮಂಜಿನ ಹನಿ ಬೆಳಕಿನ ಅಲೆಗಿಂತ ಎಷ್ಟೋ ಪಟ್ಟು ದೊಡ್ಡದು, ಹಳದಿ ಬಿಳಿ ಎರಡನ್ನೂ ಒಂದೇ ಥರ ಚದುರಿಸುತ್ತದೆ. ಕಣ್ಣಿಗೆ ಹಿತ ಅನ್ನಿಸಿದರೆ ಹಾಕಿಕೊಳ್ಳಿ, ಅಷ್ಟೇ.

ಬೆಳಕು ಹೊಂದಿಸುವುದಕ್ಕೆ ನಮ್ಮ ಕಡೆ ಕಾಫಿ ಕಣಕ್ಕಿಂತ ಒಳ್ಳೇ ಜಾಗ ಇಲ್ಲ, ಎದುರಿಗೆ ಗೋಡೌನ್ ಗೋಡೆ ಇದ್ದರಂತೂ ಇನ್ನೂ ಒಳ್ಳೆಯದು. ಕೊಯ್ಲಿನ ಕಾಲದಲ್ಲಿ ಮಾತ್ರ ಹಣ್ಣು ಹರಡಿರುತ್ತಾರೆ, ಆಗ ಕೇಳಲು ಹೋಗಬೇಡಿ. ಮಳೆನೀರು ಹರಿದುಹೋಗಲಿ ಅಂತ ಕಣಕ್ಕೆ ಒಂಚೂರು ಇಳಿಜಾರು ಕೊಟ್ಟಿರುತ್ತಾರೆ, ಆದಷ್ಟು ಮಟ್ಟವಾದ ಕಡೆ ಗಾಡಿ ನಿಲ್ಲಿಸಿ. ಕತ್ತಲಾದ ಮೇಲೆ ಗೋಡೆಯಿಂದ 25 ಅಡಿ ದೂರಕ್ಕೆ, ಗೋಡೆಗೆ ನೇರವಾಗಿ ನಿಲ್ಲಿಸಬೇಕು. ಟೈರಿನ ಗಾಳಿ ಸರಿ ಇರಲಿ, ಡಿಕ್ಕಿಯಲ್ಲಿ ಗೊಬ್ಬರದ ಮೂಟೆ ಇದ್ದರೆ ಇಳಿಸಿ. ನೆಲದಿಂದ ಲೈಟಿನ ನಡುಮಧ್ಯದವರೆಗೆ ಅಳೆಯಿರಿ. 16 ಇಂಚು ಬಂದರೆ ಗೋಡೆಯ ಮೇಲೆ 12 ಇಂಚಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯಿರಿ, ಅಂದರೆ ಲೈಟಿಗಿಂತ ನಾಲ್ಕು ಇಂಚು ಕೆಳಗೆ. ಹೆಡ್‌ಲೈಟ್ ಆರಿಸಿ, ಪಾರ್ಕಿಂಗ್ ಮತ್ತು ಫಾಗ್ ಮಾತ್ರ ಹಾಕಿ. ಬೆಳಕಿನ ಮೇಲಂಚು ಆ ಗೆರೆಗೆ ಕೂರಬೇಕು.

ಲೈಟಿನ ಪಕ್ಕದಲ್ಲೋ ಕೆಳಗೋ ಇದಕ್ಕೆ ಅಂತಲೇ ಒಂದು ಸ್ಕ್ರೂ ಇರುತ್ತದೆ. ಯಾವ ಕಡೆ ತಿರುಗಿಸಿದರೆ ಏರುತ್ತದೆ ಅನ್ನುವುದು ಒಂದೊಂದು ಗಾಡಿಗೆ ಒಂದೊಂದು ಥರ, ಕಾಲು ಸುತ್ತು ತಿರುಗಿಸಿ ಗೋಡೆ ನೋಡಿ, ಮತ್ತೆ ಕಾಲು ಸುತ್ತು. ಒಬ್ಬರೇ ಮಾಡಿದರೆ ಎದ್ದು ಕೂತು ಸೊಂಟ ಬಿದ್ದುಹೋಗುತ್ತದೆ. ನಾನು ತಮ್ಮನನ್ನು ಗೋಡೆ ಹತ್ತಿರ ನಿಲ್ಲಿಸಿದ್ದೆ. ಇನ್ನೂ ಕೆಳಗೆ, ಇನ್ನೂ ಕೆಳಗೆ ಅಂತ ಅಲ್ಲಿಂದ ಕೂಗುತ್ತಿದ್ದ, ಮೂರನೇ ಸಲಕ್ಕೆ ಎರಡೂ ಕಡೆಯ ಬೆಳಕು ಒಂದೇ ಗೆರೆಯಲ್ಲಿ ನಿಂತಿತು.