ಆಫೀಸು ಬಿಟ್ಟ ಮೇಲೆ ಹಿಮದ ಏರು: ವಸಂತದ ಸಂಜೆಯ ಸ್ಕೀ ಟೂರಿಂಗ್ ಹೇಗೆ?

ಅಮೆರಿಕದ ಸಿಯಾಟಲ್ ನಗರದಿಂದ ಪೂರ್ವಕ್ಕೆ ಐ-90 ಹೆದ್ದಾರಿಯಲ್ಲಿ ಸುಮಾರು 80 ಕಿಲೋಮೀಟರ್ ಸಾಗಿದರೆ, ಕ್ಯಾಸ್ಕೇಡ್ ಪರ್ವತಶ್ರೇಣಿಯ ನಡುವೆ 921 ಮೀಟರ್ ಎತ್ತರದಲ್ಲಿರುವ ಸ್ನೋಕ್ವಾಲ್ಮಿ ಪಾಸ್ ಎಂಬ ಕಣಿವೆದಾರಿ ಸಿಗುತ್ತದೆ. ಹೆದ್ದಾರಿಯ ಅಂಚಿನಲ್ಲೇ ಸ್ಕೀ ರೆಸಾರ್ಟ್ ಇದೆ. ಬೆಲ್‌ವ್ಯೂ, ರೆಡ್ಮಂಡ್‌ಗಳ ಸಾಫ್ಟ್‌ವೇರ್ ಕಚೇರಿಗಳಲ್ಲಿ ದುಡಿಯುವವರಿಗೆ, ಅವರಲ್ಲಿರುವ ಕನ್ನಡಿಗರಿಗೂ, ಇದು ಒಂದು ಗಂಟೆಯೊಳಗಿನ ದಾರಿ. ಮಾರ್ಚ್ ತಿಂಗಳ ಎರಡನೆಯ ಭಾನುವಾರ ಗಡಿಯಾರಗಳನ್ನು ಒಂದು ಗಂಟೆ ಮುಂದಕ್ಕೆ ತಿರುಗಿಸಿದ ಮೇಲೆ ಏಪ್ರಿಲ್ ಮಧ್ಯದ ಹೊತ್ತಿಗೆ ಸೂರ್ಯ ಮುಳುಗುವುದು ರಾತ್ರಿ 8ರ ಆಸುಪಾಸಿಗೆ, ಮೇ ಆರಂಭದಲ್ಲಿ ಇನ್ನೂ ಇಪ್ಪತ್ತು ನಿಮಿಷ ತಡವಾಗಿ. ಬೆಟ್ಟದ ಮೇಲೆ ಹಿಮ ಇನ್ನೂ ಉಳಿದಿರುವ, ಸಂಜೆಯ ಬೆಳಕು ಉದ್ದವಾಗಿರುವ ಈ ಕೆಲವು ವಾರಗಳಲ್ಲಿ, ವಾರದ ದಿನವೇ ಕೆಲಸ ಮುಗಿಸಿ ಒಮ್ಮೆ ಮೇಲೆ ಹೋಗಿ ಸ್ಕೀ ಮಾಡುತ್ತ ಇಳಿದು ಬರುವುದು ಸಾಧ್ಯವಾಗುತ್ತದೆ.

ಸ್ಕೀ ಟೂರಿಂಗ್ ಎಂದರೆ ಲಿಫ್ಟಿನ ನೆರವಿಲ್ಲದೆ, ಸ್ಕೀ ಹಲಗೆಗಳ ಅಡಿಗೆ ‘ಸ್ಕಿನ್’ ಎಂಬ ಪಟ್ಟಿ ಅಂಟಿಸಿಕೊಂಡು ನಡೆದೇ ಏರಿ, ಮೇಲೆ ಆ ಪಟ್ಟಿಯನ್ನು ತೆಗೆದು ಜಾರುತ್ತ ಇಳಿಯುವುದು. 1930ರ ದಶಕದ ಕೊನೆಗೆ ಹಗ್ಗದ ಲಿಫ್ಟುಗಳು ಬರುವ ತನಕ ಈ ಕಣಿವೆಯಲ್ಲಿ ಸ್ಕೀ ಮಾಡುತ್ತಿದ್ದವರೆಲ್ಲ ತಮ್ಮ ಕಾಲ ಬಲದಿಂದಲೇ ಏರುತ್ತಿದ್ದರು, ಆದ್ದರಿಂದ ಇದನ್ನು ಹೊಸ ಫ್ಯಾಷನ್ ಎನ್ನುವಂತಿಲ್ಲ. ಈ ಲೇಖನ ಸ್ಕೀ ಕಲಿಸುವುದಿಲ್ಲ. ಲಿಫ್ಟ್ ಹತ್ತಿ ಮಧ್ಯಮ ಮಟ್ಟದ ಇಳಿಜಾರನ್ನು, ಹಿಮ ಕೆಟ್ಟಿರುವ ದಿನವೂ, ಬೀಳದೆ ಇಳಿಯಬಲ್ಲವರಿಗೆ ಮಾತ್ರ ಮುಂದಿನ ಮಾತು. ಕುಮಾರಪರ್ವತ, ಕುದುರೆಮುಖಗಳನ್ನು ಹತ್ತಿಳಿದ ಕಾಲುಗಳಿಗೆ ಇಲ್ಲಿನ ಏರು ಹೆಚ್ಚೇನೂ ಅಲ್ಲ, ಆದರೆ ಇಳಿಯುವುದು ಬೇರೆಯೇ ವಿದ್ಯೆ.

ಮೊದಲು ಅನುಮತಿ

ಲಿಫ್ಟ್ ನಿಂತ ಮೇಲೆ ಬೆಟ್ಟ ಎಲ್ಲರದೂ ಎಂದು ಅನೇಕರು ಭಾವಿಸುತ್ತಾರೆ. ಅದು ತಪ್ಪು. ನಡೆದು ಏರುವವರಿಗಾಗಿ ಪ್ರತಿಯೊಂದು ರೆಸಾರ್ಟಿಗೂ ತನ್ನದೇ ನಿಯಮಾವಳಿ ಇರುತ್ತದೆ. ಕೆಲವೆಡೆ ಪ್ರತ್ಯೇಕ ಪಾಸ್ ಬೇಕು, ಕೆಲವೆಡೆ ಗುರುತಿಸಿದ ಒಂದೇ ದಾರಿಯಲ್ಲಿ ಮಾತ್ರ ಏರಬಹುದು, ಕೆಲವೆಡೆ ಸಂಜೆಯ ನಿರ್ದಿಷ್ಟ ಹೊತ್ತಿನ ನಂತರ ಪೂರ್ತಿ ನಿಷೇಧ. ಸ್ನೋಕ್ವಾಲ್ಮಿ ರಾತ್ರಿಯ ಸ್ಕೀಯಿಂಗಿಗೆ ಹೆಸರಾದ ಸ್ಥಳವಾದ್ದರಿಂದ ದೀಪ ಉರಿಯುವ ದಿನಗಳಲ್ಲಿ ಮೇಲಿನಿಂದ ಇಳಿಯುವವರ ಸಂಚಾರವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಗುತ್ತದೆ. ನಿಯಮ ಋತುವಿನಿಂದ ಋತುವಿಗೆ, ಕೆಲವೊಮ್ಮೆ ದಿನದಿಂದ ದಿನಕ್ಕೆ ಬದಲಾಗುವುದರಿಂದ, ಹೊರಡುವ ದಿನ ಮಧ್ಯಾಹ್ನವೇ ರೆಸಾರ್ಟಿನ ಪ್ರಕಟಣೆಯನ್ನು ಓದಿಕೊಂಡು, ಇಂದು ಯಾವ ದಾರಿ ತೆರೆದಿದೆ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಕಾರನ್ನು ಎಲ್ಲಿ, ಎಷ್ಟು ಹೊತ್ತಿನವರೆಗೆ ನಿಲ್ಲಿಸಬಹುದು ಎಂಬುದನ್ನೂ ಅಲ್ಲೇ ನೋಡಿಕೊಳ್ಳಿ.

ಗಡಿಯಾರವನ್ನು ಹಿಂದಿನಿಂದ ಲೆಕ್ಕ ಹಾಕಿ

ಸಂಜೆಯ ಏರಿಗೆ ಗುರಿಯಾಗಿ ಶಿಖರವನ್ನು ಇಟ್ಟುಕೊಳ್ಳಬಾರದು, ಒಂದು ನಿರ್ದಿಷ್ಟ ಸಮಯವನ್ನು ಇಟ್ಟುಕೊಳ್ಳಬೇಕು. ಏಪ್ರಿಲ್ ಮಧ್ಯದ ಒಂದು ಸಂಜೆಯನ್ನು ತೆಗೆದುಕೊಳ್ಳೋಣ. ಸೂರ್ಯಾಸ್ತ ಸುಮಾರು 8ಕ್ಕೆ ಎಂದಾದರೆ ಕೆಳಗೆ ತಲುಪಬೇಕಾದ ಸಮಯವನ್ನು 7:15 ಎಂದಿಟ್ಟುಕೊಳ್ಳಿ. ಇಳಿಯಲು ನಿಲುಗಡೆಗಳೂ ಸೇರಿ ಹದಿನೈದು ನಿಮಿಷ, ಮೇಲೆ ಸಲಕರಣೆ ಬದಲಾಯಿಸಲು ಇನ್ನೊಂದು ಹದಿನೈದು ನಿಮಿಷ. ಅಂದರೆ ಎಲ್ಲಿದ್ದರೂ 6:45ಕ್ಕೆ ಹತ್ತುವುದನ್ನು ನಿಲ್ಲಿಸಬೇಕು. ಸಾಧಾರಣ ದೇಹದಾರ್ಢ್ಯದ ಹೊಸಬರು ಗಂಟೆಗೆ 250ರಿಂದ 300 ಮೀಟರ್ ಎತ್ತರ ಏರುತ್ತಾರೆ. ಇಲ್ಲಿನ ಸಮಿಟ್ ಸೆಂಟ್ರಲ್ ಭಾಗದ ಒಟ್ಟು ಏರು 300 ಮೀಟರಿಗಿಂತ ಸ್ವಲ್ಪವೇ ಹೆಚ್ಚು. ಹಾಗಾಗಿ 5:20ಕ್ಕೆ ಹೆಜ್ಜೆ ಹಾಕಿದವರಿಗೆ ಅದು ದಕ್ಕುತ್ತದೆ. ಸಂಜೆಯ ವಾಹನ ದಟ್ಟಣೆ ದಾರಿಯಲ್ಲಿ ಸಿಗುವ ಇಸಾಕ್ವಾ ಪಟ್ಟಣ ದಾಟುವವರೆಗೂ ಕಾಡುವುದರಿಂದ 4 ಗಂಟೆಗೆ ಕಚೇರಿ ಬಿಡಲಾಗದವರು ಅರ್ಧ ದಾರಿಯವರೆಗೆ ಮಾತ್ರ ಏರುವ ಲೆಕ್ಕ ಹಾಕಿಕೊಳ್ಳುವುದು ಲೇಸು. ಕಣಿವೆಯ ಇನ್ನೊಂದು ಬದಿಯಲ್ಲಿರುವ, ಆಲ್ಪೆಂಟಾಲ್ ಎಂಬ ಸ್ಕೀ ಭಾಗದ ಏರು ಇದರ ಎರಡರಷ್ಟಕ್ಕೂ ಹೆಚ್ಚು, ಕಡಿದೂ ಹೌದು. ಅದು ಹೊಸಬರ ಸಂಜೆಗೆ ತಕ್ಕ ಜಾಗವಲ್ಲ.

ಹಿಮ ಯಾವಾಗ ಗಟ್ಟಿಯಾಗುತ್ತದೆ?

ಸೂರ್ಯಾಸ್ತಕ್ಕಿಂತ ಮುಕ್ಕಾಲು ಗಂಟೆ ಮೊದಲೇ ಕೆಳಗಿರಬೇಕು ಎಂದದ್ದು ಕತ್ತಲಿನ ಭಯಕ್ಕಲ್ಲ, ಕತ್ತಲಿಗೆ ಹೆಡ್‌ಲ್ಯಾಂಪ್ ಇದೆ. ತೊಂದರೆ ಇರುವುದು ಹಿಮದ ಮೇಲ್ಮೈಯಲ್ಲಿ. ವಸಂತದಲ್ಲಿ ಹಗಲು ಕರಗಿ ರಾತ್ರಿ ಹೆಪ್ಪುಗಟ್ಟುವ ಚಕ್ರ ಹಲವು ದಿನ ನಡೆದಾಗ ಹಿಮದ ಕಣಗಳು ದುಂಡಗಿನ ಹರಳುಗಳಾಗುತ್ತವೆ. ಇದೇ ಸ್ಕೀಗಾರರು ಹಂಬಲಿಸುವ ಕಾರ್ನ್ ಸ್ನೋ. ರಾತ್ರಿ ಬಿಗಿದ ಹಿಮ ಬೆಳಗಿನ ಬಿಸಿಲಿಗೆ ಮೇಲಿನ ಒಂದೆರಡು ಬೆರಳಷ್ಟು ಮಾತ್ರ ಸಡಿಲವಾದಾಗ ಜಾರುವ ಸುಖ ಹೆಚ್ಚು. ಸಂಜೆ ಹೋಗುವವರಿಗೆ ಸಿಗುವುದು ಈ ಚಕ್ರದ ಮರುಭಾಗ: 5 ಗಂಟೆಗೆ ಪಾದದಡಿಯಲ್ಲಿ ಮೆತ್ತಗಿದ್ದ ಹಿಮ 7ರ ಹೊತ್ತಿಗೆ ಹೆಪ್ಪುಗಟ್ಟಲು ತೊಡಗುತ್ತದೆ. ಇಡೀ ದಿನ ನೂರಾರು ಜನ ಉಜ್ಜಿಹೋದ ಇಳಿಜಾರಿನ ಗುಂಡಿ ದಿಬ್ಬಗಳು ಆಗ, ಉತ್ತ ಹೊಲದ ಹಸಿ ಹೆಂಟೆಗಳು ಬಿಸಿಲಿಗೆ ಕಲ್ಲಾಗುವಂತೆ, ಇದ್ದ ಆಕಾರದಲ್ಲೇ ಗಟ್ಟಿಯಾಗುತ್ತವೆ. ಅದರ ಮೇಲೆ ಸ್ಕೀಯ ಅಂಚು ಹಿಡಿಯುವುದಿಲ್ಲ, ಬಿದ್ದರೆ ಕೈಗೆ ಮಂಡಿಗೆ ಪೆಟ್ಟು.

ಎಷ್ಟು ಬೇಗ ಗಟ್ಟಿಯಾಗುತ್ತದೆ ಎಂಬುದನ್ನು ಮೊಬೈಲಿನಲ್ಲಿ ಕಾಣುವ ತಾಪಮಾನವೊಂದರಿಂದಲೇ ಹೇಳಲಾಗದು. ಹಿಮದ ಮೇಲ್ಮೈ ತನ್ನ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುತ್ತಲೇ ಇರುತ್ತದೆ. ಮೋಡವಿದ್ದರೆ ಅದರ ಹೆಚ್ಚಿನ ಪಾಲು ಹಿಂದಿರುಗುತ್ತದೆ, ಆಕಾಶ ತಿಳಿಯಾಗಿದ್ದರೆ ಹೊರಟೇ ಹೋಗುತ್ತದೆ. ಆದ್ದರಿಂದ ಗಾಳಿಯ ತಾಪಮಾನ ಸೊನ್ನೆಗಿಂತ ಎರಡು ಮೂರು ಡಿಗ್ರಿ ಮೇಲಿದ್ದರೂ ನಿರಭ್ರ ಸಂಜೆಯಲ್ಲಿ, ಬಿಸಿಲು ಸರಿದ ಕೂಡಲೇ, ಹಿಮದ ಮೇಲ್ಪದರ ಬಿಗಿಯತೊಡಗುತ್ತದೆ. ಮೋಡ ಕವಿದ ಸಂಜೆ ನೋಡಲು ಮಂಕಾಗಿದ್ದರೂ ಇಳಿಯಲು ಹೆಚ್ಚು ಹೊತ್ತು ಕೊಡುತ್ತದೆ. ಇಳಿಜಾರಿನ ಮುಖವೂ ಮುಖ್ಯ. ಪೂರ್ವಕ್ಕೆ ಮುಖ ಮಾಡಿದ್ದು ಮೊದಲು ಬಿಗಿಯುತ್ತದೆ, ಪಶ್ಚಿಮದ್ದು ಕೊನೆಗೆ. ಹೆದ್ದಾರಿಯ ದಕ್ಷಿಣಕ್ಕಿರುವ ಇಲ್ಲಿನ ಇಳಿಜಾರುಗಳು ಬಹುಪಾಲು ಉತ್ತರಾಭಿಮುಖವಾದ್ದರಿಂದ ಅಲ್ಲಿ ಸಂಜೆಯ ಬಿಸಿಲಿನ ಬಲವನ್ನು ಹೆಚ್ಚು ನಂಬಬಾರದು. ಏರುವಾಗ ಹತ್ತು ನಿಮಿಷಕ್ಕೊಮ್ಮೆ ಕೋಲಿನ ತುದಿಯಿಂದ ಹಿಮವನ್ನು ಚುಚ್ಚಿ ನೋಡಿ. ಸದ್ದು ಮಂದದಿಂದ ಕರಕರಕ್ಕೆ ತಿರುಗಿತೆಂದರೆ, ಗಡಿಯಾರ ಏನೇ ಹೇಳಲಿ, ಅಲ್ಲಿಂದಲೇ ಇಳಿಯಿರಿ.

ಇದರ ವಿರುದ್ಧದ ಸ್ಥಿತಿಯೂ ಇದೆ. ಎರಡು ಮೂರು ರಾತ್ರಿ ಹಿಮ ಹೆಪ್ಪುಗಟ್ಟದೇ ಇದ್ದರೆ, ಅಥವಾ ಮಳೆ ಬಿದ್ದಿದ್ದರೆ, ಪದರವಿಡೀ ನೀರು ಹೀರಿಕೊಂಡು ಸಡಿಲವಾಗುತ್ತದೆ. ಬೂಟು ಹಾಕಿದ ಕಾಲು ಮೀನಖಂಡದವರೆಗೆ ಹೂತುಹೋದರೆ ಕಡಿದಾದ ಇಳಿಜಾರುಗಳಲ್ಲಿ ಒದ್ದೆ ಹಿಮ ಜಾರಿ ಬೀಳುವ ಅಪಾಯವಿದೆ ಎಂದರ್ಥ. ಈ ಪ್ರದೇಶಕ್ಕೆ ನಾರ್ತ್‌ವೆಸ್ಟ್ ಅವಲಾಂಚ್ ಸೆಂಟರ್ ಎಂಬ ಸಂಸ್ಥೆ ಚಳಿಗಾಲದುದ್ದಕ್ಕೂ ಹಿಮಕುಸಿತದ ಮುನ್ಸೂಚನೆಯನ್ನು ಐದು ಹಂತಗಳ ಮಾಪಕದಲ್ಲಿ ಪ್ರಕಟಿಸುತ್ತದೆ. ರೆಸಾರ್ಟ್ ಋತುವಿನ ಬಾಗಿಲು ಹಾಕಿದ ಮೇಲೆ ಇಳಿಜಾರುಗಳನ್ನು ಸುರಕ್ಷಿತಗೊಳಿಸುವ ಸಿಬ್ಬಂದಿಯೂ ಇರುವುದಿಲ್ಲವಾದ್ದರಿಂದ, ಅದೇ ಪರಿಚಿತ ಬೆಟ್ಟ ಅಂದಿನಿಂದ ಕಾವಲಿಲ್ಲದ ಕಾಡುಬೆಟ್ಟವೇ.

ಸಲಕರಣೆ

ಬೂಟನ್ನು ಸ್ಕೀಗೆ ಹಿಡಿದಿಡುವ ಕೊಂಡಿಗೆ ಬೈಂಡಿಂಗ್ ಎನ್ನುತ್ತಾರೆ. ಮಾಮೂಲಿ ಸ್ಕೀ ಬೈಂಡಿಂಗಿನಲ್ಲಿ ಹಿಮ್ಮಡಿ ಸದಾ ಬಂಧಿಯಾಗಿರುತ್ತದೆ, ಟೂರಿಂಗ್ ಬೈಂಡಿಂಗಿನಲ್ಲಿ ಏರುವಾಗ ಅದು ಬಿಡುಗಡೆಯಾಗುತ್ತದೆ. ಬೂಟಿನ ತುದಿಯನ್ನು ಎರಡು ಮೊಳೆಗಳ ನಡುವೆ ಹಿಡಿಯುವ ಇಂದಿನ ಹಗುರ ಬೈಂಡಿಂಗನ್ನು ರೂಪಿಸಿದವರು ಆಸ್ಟ್ರಿಯಾದ ಫ್ರಿಟ್ಸ್ ಬಾರ್ತೆಲ್, 1980ರ ದಶಕದಲ್ಲಿ. ಅದಕ್ಕೆ ಹೊಂದುವ, ನಡಿಗೆಗೆ ಕಣಕಾಲು ಸಡಿಲಿಸಬಹುದಾದ ಬೂಟೂ ಬೇಕು. ಇವೆಲ್ಲ ದುಬಾರಿ, ಮೊದಲ ವಸಂತವನ್ನು ಬಾಡಿಗೆ ಸಲಕರಣೆಯಲ್ಲೇ ಕಳೆಯುವುದು ಜಾಣತನ. ಸ್ಕಿನ್‌ಗಳ ಒಂದು ಬದಿಗೆ ಅಂಟು, ಇನ್ನೊಂದು ಬದಿಗೆ ಹಿಂದಕ್ಕೆ ಬಾಗಿದ ನೈಲಾನ್ ಅಥವಾ ಮೊಹೇರ್ ಕೂದಲು. ಮುಂದಕ್ಕೆ ಜಾರುತ್ತದೆ, ಹಿಂದಕ್ಕೆ ಕಚ್ಚಿ ಹಿಡಿಯುತ್ತದೆ. ಕೆಳಗಿನ ಒದ್ದೆ ಹಿಮದಲ್ಲಿ ತೊಯ್ದ ಸ್ಕಿನ್ನಿಗೆ, ಮೇಲಿನ ನೆರಳಿನ ತಣ್ಣನೆ ಹಿಮ ಉಂಡೆಯುಂಡೆಯಾಗಿ ಅಂಟಿಕೊಳ್ಳುತ್ತದೆ. ವಸಂತದ ಈ ಕಾಟಕ್ಕೆ ಹೊರಡುವ ಮೊದಲೇ ಕೂದಲಿಗೆ ಮೇಣ ಉಜ್ಜುವುದು ಮದ್ದು. ಹಿಮ ಗಟ್ಟಿಯಾದಾಗ ಹಿಡಿತ ಕೊಡುವ ಸ್ಕೀ ಕ್ರ್ಯಾಂಪಾನ್, ಬಣ್ಣವಿಲ್ಲದ ಗಾಜಿನ ಕನ್ನಡಕ, ಹೆಲ್ಮೆಟ್, ಚಾರ್ಜ್ ತುಂಬಿದ ಹೆಡ್‌ಲ್ಯಾಂಪ್, ಒಂದು ಬೆಚ್ಚನೆ ಜಾಕೆಟ್, ಅರ್ಧ ಲೀಟರ್ ನೀರು, ಇಷ್ಟು ಚೀಲದಲ್ಲಿರಲಿ.

ಏರುವುದು, ಬದಲಾಯಿಸುವುದು

ಸ್ವಲ್ಪ ಚಳಿ ಎನಿಸುವಷ್ಟೇ ಬಟ್ಟೆಯಲ್ಲಿ ಹೊರಡಿ, ಐದು ನಿಮಿಷಕ್ಕೆ ಬೆವರುತ್ತೀರಿ. ಹೊಸಬರು ಮೆಟ್ಟಿಲು ಹತ್ತುವವರಂತೆ ಸ್ಕೀಯನ್ನು ಎತ್ತಿ ಎತ್ತಿ ಇಟ್ಟು ಬೇಗ ದಣಿಯುತ್ತಾರೆ. ಎತ್ತಬಾರದು, ಹಿಮಕ್ಕೆ ತಾಗಿಸಿಕೊಂಡೇ ಮುಂದಕ್ಕೆ ಜಾರಿಸಬೇಕು, ಭಾರ ಹಿಮ್ಮಡಿಯ ಮೇಲಿರಬೇಕು. ಇಳಿಜಾರಿನ ಅಂಚಿನಲ್ಲಿ ಒಬ್ಬರ ಹಿಂದೊಬ್ಬರು ಸಾಗಿ. ಮೇಲಿನಿಂದ ಬರುವವರಿಗೆ ಕಾಣದ ಉಬ್ಬಿನ ಕೆಳಗೆ ನಿಲ್ಲಲೇಬೇಡಿ.

ತಿರುಗುವ ಸಮಯವಾದಾಗ ಗಾಳಿ ತಾಗದ ಸಮತಟ್ಟು ಜಾಗ ಹುಡುಕಿ, ಎಲ್ಲಕ್ಕಿಂತ ಮೊದಲು ಜಾಕೆಟ್ ಹಾಕಿಕೊಳ್ಳಿ. ಬೆವರಿದ ಮೈ ನಿಂತ ಕೂಡಲೇ ತಣ್ಣಗಾಗುತ್ತದೆ. ಒಂದು ಸಲಕ್ಕೆ ಒಂದೇ ಸ್ಕೀ ಬಿಚ್ಚಿ, ಬಿಚ್ಚಿದ್ದನ್ನು ಇಳಿಜಾರಿಗೆ ಅಡ್ಡವಾಗಿ ಇಡಿ, ಇಲ್ಲವಾದರೆ ಅದೊಂದೇ ಕೆಳಗಿನವರೆಗೆ ಓಡಿಹೋಗುತ್ತದೆ. ಸ್ಕಿನ್ ಕಿತ್ತು ಅಂಟಿಗೆ ಅಂಟು ಸೇರಿಸಿ ಮಡಚಿ, ಬೈಂಡಿಂಗಿನ ಹಿಮ್ಮಡಿಯನ್ನು ಇಳಿಯುವ ಸ್ಥಿತಿಗೆ ತಿರುಗಿಸಿ, ನಡಿಗೆಗೆ ಕಣಕಾಲು ಸಡಿಲಿಸುವ ಬೂಟಿನ ಲಿವರನ್ನು ಮುಚ್ಚಿ, ಪಟ್ಟಿ ಬಿಗಿಯಿರಿ. ಬೂಟಿನ ಲಿವರ್ ಮರೆತು ಇಳಿಯತೊಡಗುವವರು ಬಹಳ. ಈ ಕ್ರಮವನ್ನು ಮನೆಯ ಜಮಖಾನೆಯ ಮೇಲೆ ನಾಲ್ಕಾರು ಸಲ ಅಭ್ಯಾಸ ಮಾಡಿದರೆ ಬೆಟ್ಟದ ಮೇಲಿನ ಬೆಳಕು ಉಳಿಯುತ್ತದೆ.

ಇಳಿಯುವಾಗ ಕಾಣದ ಉಕ್ಕಿನ ಹಗ್ಗ

ಇಡೀ ಸಂಜೆಯ ಅತಿ ದೊಡ್ಡ ಅಪಾಯ ಹಿಮಕುಸಿತವಲ್ಲ, ಹಿಮ ಸಮ ಮಾಡುವ ಗ್ರೂಮಿಂಗ್ ಯಂತ್ರ ಎಂಬುದು ನನ್ನ ಅಭಿಪ್ರಾಯ. ಲಿಫ್ಟ್ ನಿಂತ ಮೇಲೆ ಅವುಗಳ ಕೆಲಸ ಶುರುವಾಗುತ್ತದೆ. ಕಡಿದಾದ ಕಡೆ ಈ ಯಂತ್ರವನ್ನು ಮೇಲ್ಗಡೆ ಕಟ್ಟಿದ ಉಕ್ಕಿನ ಹಗ್ಗವೊಂದು ವಿಂಚ್ ಎಂಬ ಹಗ್ಗ ಸುತ್ತುವ ರಾಟೆಯ ಮೂಲಕ ಎಳೆದು ಹಿಡಿದಿರುತ್ತದೆ. ಆ ಹಗ್ಗ ಒಂದು ಕಿಲೋಮೀಟರ್‌ವರೆಗೂ ಉದ್ದವಿರಬಹುದು, ಮುಸ್ಸಂಜೆಯಲ್ಲಿ ಕಣ್ಣಿಗೆ ಬೀಳುವುದಿಲ್ಲ. ಹಿಮದಲ್ಲಿ ಹುದುಗಿ ಮಲಗಿದ್ದದ್ದು ಯಂತ್ರ ಎಳೆದ ಕ್ಷಣ ಬಿಗಿದು ಮೇಲೇಳುತ್ತದೆ ಅಥವಾ ಪಕ್ಕಕ್ಕೆ ರಭಸದಿಂದ ಹೊಡೆಯುತ್ತದೆ. ವೇಗವಾಗಿ ಇಳಿಯುತ್ತಿರುವವರು ಅದಕ್ಕೆ ಸಿಕ್ಕಿದರೆ ಪ್ರಾಣಕ್ಕೇ ಎರವು. ಯಂತ್ರ ನಿಮಗೆ ದೂರದಲ್ಲಿದ್ದರೂ ಹಗ್ಗ ನಿಮ್ಮ ಪಕ್ಕದಲ್ಲೇ ಇರಬಹುದು. ಆದ್ದರಿಂದ ವಿಂಚ್ ಕೆಲಸದ ಫಲಕವೋ ಮಿನುಗುವ ದೀಪವೋ ಕಂಡ ಇಳಿಜಾರಿಗೆ ಕಾಲಿಡದೆ, ತೆರೆದಿದೆ ಎಂದು ತಿಳಿದಿರುವ ದಾರಿಯಲ್ಲೇ ಇಳಿಯಿರಿ. ಚಾಲಕ ನಿಮ್ಮನ್ನು ನೋಡಿದ್ದಾನೆ ಎಂದು ಎಂದೂ ಭಾವಿಸಬೇಡಿ, ಬೆಳಕಿದ್ದರೂ ಹೆಡ್‌ಲ್ಯಾಂಪ್ ಉರಿಸಿಕೊಳ್ಳಿ. ಆಗಷ್ಟೇ ಸಮ ಮಾಡಿದ ಒದ್ದೆ ಹಿಮದ ಮೇಲೆ ನೀವು ಕೊರೆದ ಗೆರೆ ರಾತ್ರಿ ಹೆಪ್ಪುಗಟ್ಟಿ ಮರುದಿನದವರ ಕಾಲಿಗೆ ತೊಡಕಾಗುವುದರಿಂದ ಅಂಚಿನಲ್ಲೇ ಇಳಿಯುವುದು ಸೌಜನ್ಯವೂ ಹೌದು.

ಲಿಫ್ಟ್ ನಿಂತ ಸಂಜೆಗಳಲ್ಲಿ ಈ ಹೊತ್ತಿಗೆ ರೆಸಾರ್ಟಿನ ಗಸ್ತಿನವರು ಮನೆಗೆ ಹೋಗಿರುತ್ತಾರೆ. ಬಿದ್ದವರನ್ನು ಹುಡುಕಿ ಯಾರೂ ಬರುವುದಿಲ್ಲ. ಅಮೆರಿಕದ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರೆ ಕೌಂಟಿಯ ಶೆರೀಫ್ ಕಚೇರಿ ರಕ್ಷಣಾ ಸ್ವಯಂಸೇವಕರನ್ನು ಕಳಿಸುತ್ತದೆ, ಅವರು ಬಂದು ಮುಟ್ಟಲು ಗಂಟೆಗಳೇ ಹಿಡಿಯಬಹುದು. ಜೊತೆಗೊಬ್ಬರಿರಲಿ, ಮನೆಯಲ್ಲಿ ಒಬ್ಬರಿಗೆ ಹೋಗುವ ದಾರಿ ಮತ್ತು ಮರಳುವ ಸಮಯ ಗೊತ್ತಿರಲಿ, ಚಳಿಗೆ ಬೇಗ ಬರಿದಾಗುವ ಮೊಬೈಲನ್ನು ಒಳಜೇಬಿನಲ್ಲಿಡಿ.

ಮನೆಗೆ ಬಂದ ರಾತ್ರಿಯೇ ಸ್ಕಿನ್‌ಗಳನ್ನು ಬಿಡಿಸಿ, ಹೀಟರಿನಿಂದ ದೂರದಲ್ಲಿ ಹಗ್ಗಕ್ಕೆ ನೇತುಹಾಕಿ, ಬೂಟಿನ ಒಳಪದರವನ್ನು ಹೊರತೆಗೆದು ಆರಲು ಬಿಡಿ. ನೇರ ಶಾಖ ತಾಗಿದರೆ ಸ್ಕಿನ್ನಿನ ಅಂಟು ಕರಗಿ ಕೂದಲಿಗೆ ಇಳಿಯುತ್ತದೆ, ಒದ್ದೆಯಾಗಿಯೇ ಮಡಚಿಟ್ಟರೆ ಮುಂದಿನ ಸಲ ಅರ್ಧ ಏರಿನಲ್ಲಿ ಕಳಚಿಕೊಳ್ಳುತ್ತದೆ.