ಊರಂಚಿನ ಮನೆಯ ಲೆಕ್ಕ: ಪೇಟೆಯೂ ಬೆಟ್ಟವೂ ಕೈಗೆಟುಕುವ ಜಾಗ ಹುಡುಕಿದ ನನ್ನ ಅನುಭವ

ಮನೆ ಬಾಗಿಲಿನಿಂದ ಹಾದಿಯ ಬಾಯಿಗೆ, ಅಂದರೆ ಬೆಟ್ಟದ ಹಾದಿ ಶುರುವಾಗುವಲ್ಲಿಗೆ, 35 ನಿಮಿಷ, ಕೆಲಸದ ಮೇಜಿಗೆ 50 ನಿಮಿಷ. ಈ ಎರಡು ಸಂಖ್ಯೆ ಒಂದೇ ಮನೆಯಲ್ಲಿ ಕೂಡಿಬರಲು ಮೂರು ಮನೆಗಳಲ್ಲಿ ಇದ್ದು ನೋಡಬೇಕಾಯಿತು. ಪೇಟೆಯಲ್ಲೇ ಇದ್ದು ರಜೆಯಲ್ಲಿ ಬೆಟ್ಟಕ್ಕೆ ಹೋಗು, ಇಲ್ಲವಾದರೆ ಪೂರ್ತಿ ಬೆಟ್ಟದ ಬುಡಕ್ಕೇ ಹೋಗಿ ಕೂರು, ನಡುವಿನದು ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಎಂದು ಹೇಳಿದವರೇ ಹೆಚ್ಚು. ಪೇಟೆಯ ನಡುವೆ ಇದ್ದಾಗ ವರ್ಷಕ್ಕೆ ಇಪ್ಪತ್ತು ಸಲದ ಆಸುಪಾಸು ಇದ್ದ ಬೆಟ್ಟದ ಓಡಾಟ ಈಗ ನೂರು ದಾಟಿದೆ, ತಿಂಗಳ ಖರ್ಚು ಕಾಲು ಭಾಗದಷ್ಟು ಇಳಿದಿದೆ. ಲೆಕ್ಕದ ಪುಸ್ತಕ ಕೈಯಲ್ಲಿರುವುದರಿಂದಲೇ ಇಷ್ಟು ಧೈರ್ಯವಾಗಿ ಬರೆಯುತ್ತಿದ್ದೇನೆ.

ಮನೆ ಹುಡುಕುವ ಮೊದಲು 12 ವಾರ ದಿನಚರಿ ಇಡಬೇಕು. ಹೊರಟ ಹೊತ್ತು, ತಲುಪಿದ ಹೊತ್ತು, ವಾಪಸಾಗಿ ಬೂಟು ಬಿಚ್ಚಿದ ಹೊತ್ತು ಇವನ್ನು ಎಲ್ಲರೂ ಬರೆಯುತ್ತಾರೆ. ನಾನು ಸೇರಿಸಿದ್ದು ಇನ್ನೊಂದು ಕಾಲಂ: ಹೋಗಬೇಕೆಂದುಕೊಂಡು ಹೋಗದ ದಿನ, ಅದಕ್ಕೆ ಕಾರಣ. ಒಂದೇ ಸಾಲು, ಅದೇ ದಿನ ರಾತ್ರಿ ಬರೆಯಬೇಕು. ಮರುದಿನಕ್ಕೆ ಬಿಟ್ಟರೆ ಕಾರಣ ಬಣ್ಣ ಬದಲಾಯಿಸುತ್ತದೆ, "ತಡವಾಯ್ತು" ಎಂಬುದು "ಮಳೆ ಬರುವ ಹಾಗಿತ್ತು" ಎಂದಾಗುತ್ತದೆ. ತುಂಬಿದ ಹಾಳೆಗಳಲ್ಲಿ "ದೂರ" ಎಂಬ ಮಾತು ಎರಡೋ ಮೂರೋ ಕಡೆ ಇತ್ತು, ಅಷ್ಟೆ. ಅರ್ಧಕ್ಕಿಂತ ಹೆಚ್ಚು ಸಾಲುಗಳಲ್ಲಿದ್ದದ್ದು ಪೇಟೆಯಿಂದ ಹೊರಬೀಳುವ ಮೊದಲ ಎಂಟು ಕಿಲೋಮೀಟರು. ಅಲ್ಲಿ ಸಂಜೆ ಹೊತ್ತು 40 ನಿಮಿಷ ಹೋಗುತ್ತಿತ್ತು, ಆಮೇಲಿನ 50 ಕಿಲೋಮೀಟರಿಗೂ ಹೆಚ್ಚು ಕಡಿಮೆ ಅಷ್ಟೇ. ಕಿಲೋಮೀಟರು ಎಣಿಸಿ ಮನೆ ಹುಡುಕುವವರು ಮೋಸ ಹೋಗುವುದು ಇಲ್ಲೇ. ಮನೆ ಪೇಟೆಯ ಯಾವ ಬದಿಯಲ್ಲಿದೆ ಎಂಬುದು ಎಷ್ಟು ದೂರದಲ್ಲಿದೆ ಎಂಬುದಕ್ಕಿಂತ ದೊಡ್ಡದು.

ದಿನಚರಿಯಿಂದ ಮೂರು ಗಡಿಗಳು ತಾವಾಗಿಯೇ ಕಂಡವು. ಬಾಗಿಲಿನಿಂದ ಹಾದಿಯ ಬಾಯಿಗೆ 40 ನಿಮಿಷದೊಳಗಿದ್ದರೆ ಕೆಲಸದ ದಿನವೂ ಹೋಗುತ್ತೇವೆ. ಒಂದೂವರೆ ಗಂಟೆಯವರೆಗೆ ರಜೆಯ ಅರ್ಧ ದಿನ ಮೀಸಲಿಟ್ಟು ಹೋಗುತ್ತೇವೆ. ಎರಡು ಗಂಟೆ ದಾಟಿತೋ, ರಾತ್ರಿ ತಂಗುವ ಏರ್ಪಾಡಿಲ್ಲದೆ ಹೋಗುವುದೇ ಇಲ್ಲ. ಹಗ್ಗ ಹಿಡಿದು ಬಂಡೆ ಹತ್ತುವವರಿಗೆ ಮೊದಲ ಗಡಿ ಇನ್ನೂ ಬಿಗಿ, ಸುಮಾರು 30 ನಿಮಿಷ. ಜೊತೆಗಾರನ ಹೊತ್ತೂ ಕೂಡಿಬರಬೇಕಲ್ಲ. ಓಡುವವರು, ಮಣ್ಣುದಾರಿಯ ಸೈಕಲ್ ಸವಾರರು ಸ್ವಲ್ಪ ಸಡಿಲಿಸಬಹುದು.

ಆಮೇಲಿನ ಲೆಕ್ಕ ವಾರದ ಒಟ್ಟು ಪ್ರಯಾಣದ್ದು. ಮನುಷ್ಯರು ಸರಾಸರಿ ದಿನಕ್ಕೆ ಒಂದು ಗಂಟೆ ಓಡಾಡುತ್ತಾರೆ ಎಂದು ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಬರೆದಿದ್ದರು. ಅದನ್ನು ವಾರಕ್ಕೆ ಹಿಗ್ಗಿಸಿ 7ರಿಂದ 8 ಗಂಟೆ ಎಂದು ಹಿಡಿದೆ. ಪೇಟೆಯ ನಡುವಿನ ಮನೆಯಲ್ಲಿದ್ದಾಗ, ಬೆಟ್ಟಕ್ಕೆ ಹೋದ ವಾರದಲ್ಲಿ, ಮೂರು ದಿನ ಕಚೇರಿಗೆ ಹೋಗಿಬರಲು ಎರಡೂವರೆ ಗಂಟೆ, ಒಂದು ಸಲ ಬೆಟ್ಟಕ್ಕೆ ಹೋಗಿಬರಲು 5 ಗಂಟೆ, ಒಟ್ಟು ಏಳೂವರೆ. ಊರಂಚಿನಲ್ಲಿ ಕಚೇರಿಗೆ 5 ಗಂಟೆ, ಎರಡು ಸಲ ಬೆಟ್ಟಕ್ಕೆ 2 ಗಂಟೆ 20 ನಿಮಿಷ, ಇಲ್ಲಿಯೂ ಹತ್ತಿರ ಹತ್ತಿರ ಏಳೂವರೆ. ರಸ್ತೆಯ ಮೇಲೆ ಕಳೆಯುವ ಹೊತ್ತು ಅದೇ, ಬೆಟ್ಟ ಮಾತ್ರ ಎರಡು ಪಟ್ಟು. ವಾರಕ್ಕೆ ಐದೂ ದಿನ ಕಚೇರಿಗೆ ಹೋಗಬೇಕಾದವರಿಗೆ ಈ ಲೆಕ್ಕ ಕೂಡುವುದಿಲ್ಲ. ಅವರ ಮನೆ ಕೆಲಸದ ಕಡೆಗೆ ಇನ್ನೂ 15 ನಿಮಿಷ ಜರುಗಬೇಕು.

ಈಗ ದುಡ್ಡು. ಪೇಟೆ ನಡುವಿನ ಬಾಡಿಗೆಯನ್ನು 100 ಎಂದಿಟ್ಟುಕೊಳ್ಳಿ. ಅಲ್ಲಿ ವಾಹನಕ್ಕೆ 20, ಇಂಟರ್ನೆಟ್ ಮತ್ತು ವಿದ್ಯುತ್ ಬದಲಿ ಏರ್ಪಾಡಿಗೆ 5, ಬೆಟ್ಟಕ್ಕೆ ಹೋದಾಗ ತಂಗುವ ಖರ್ಚು 25, ಒಟ್ಟು 150. ಬೆಟ್ಟದ ಬುಡದ ಮನೆಯ ಬಾಡಿಗೆ ಕೇವಲ 45. ಇದೊಂದನ್ನೇ ನೋಡಿ ಜನ ಅಲ್ಲಿಗೆ ಹೊರಡುತ್ತಾರೆ, ನಾನೂ ಹೊರಟೆ. ವಾಹನದ ಖರ್ಚು 60ಕ್ಕೆ ಏರಿತು. ಎರಡನೇ ಸಂಪರ್ಕ, ಬ್ಯಾಟರಿ, ಇನ್ವರ್ಟರ್ ಇವಕ್ಕೆ ತಿಂಗಳ ಲೆಕ್ಕದಲ್ಲಿ 20. ಕೆಲಸ ತಡವಾದ ರಾತ್ರಿ ಪೇಟೆಯಲ್ಲಿ ಉಳಿಯಲು 18. ಕೂಡಿದರೆ 143. ಇಷ್ಟೆಲ್ಲ ಕಷ್ಟಕ್ಕೆ ಉಳಿದದ್ದು 7. ಊರಂಚಿನಲ್ಲಿ ಬಾಡಿಗೆ 65, ವಾಹನ 38, ಸಂಪರ್ಕ 8, ತಂಗುವುದಕ್ಕೆ 3, ಒಟ್ಟು 114. ವಾಹನದ ಲೆಕ್ಕದಲ್ಲಿ ಇಂಧನ ಮಾತ್ರ ಹಿಡಿದರೆ ತಪ್ಪುತ್ತದೆ. ಟೈರು, ಬ್ರೇಕ್ ಪ್ಯಾಡು, ಸರ್ವಿಸು, ಮಾರುವಾಗ ಇಳಿಯುವ ಬೆಲೆ ಸೇರಿಸಿದರೆ ಇಂಧನದ ಎರಡು ಪಟ್ಟಿನ ಹತ್ತಿರ ಹೋಗುತ್ತದೆ. ಎರಡು ಸಲ ಸಾಮಾನು ಸಾಗಿಸಿದ್ದಕ್ಕೆ ಮೂರು ತಿಂಗಳ ಬಾಡಿಗೆಯಷ್ಟು ಹೋದದ್ದು ಈ ಪಟ್ಟಿಯಲ್ಲಿಲ್ಲ. ಅದು ಕಲಿತದ್ದರ ಬೆಲೆ.

ಬೆಟ್ಟದ ಬುಡದಲ್ಲಿ ಕೆಟ್ಟದ್ದು ಏನು, ಯಾಕೆ ಎಂಬುದನ್ನು ಬಿಡಿಸಿ ಹೇಳಲೇಬೇಕು. ಮೊದಲನೆಯದು ಸಂಪರ್ಕ. ತಂತಿ ಕಡಿದಾಗ ಇರಲೆಂದು ಭೂಸ್ಥಿರ ಉಪಗ್ರಹದ, ಅಂದರೆ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ಕಾಣುವ ಉಪಗ್ರಹದ, ಇಂಟರ್ನೆಟ್ ಹಾಕಿಸಿದೆ. ಆ ಉಪಗ್ರಹ ಇರುವುದು ಸುಮಾರು 35,786 ಕಿಲೋಮೀಟರ್ ಎತ್ತರದಲ್ಲಿ. ಸಂಕೇತ ಹೋಗಿ ಉತ್ತರ ಬರುವುದಕ್ಕೇ ಅರ್ಧ ಸೆಕೆಂಡು ಬೇಕು. ಕಡತ ಇಳಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ವಿಡಿಯೋ ಮಾತುಕತೆಯಲ್ಲಿ ಇಬ್ಬರೂ ಒಟ್ಟಿಗೆ ಮಾತಾಡಿ ಇಬ್ಬರೂ ಒಟ್ಟಿಗೆ ನಿಲ್ಲುವ ಹಾಗಾಗುತ್ತದೆ. ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಸೇವೆಯಲ್ಲಿ ಈ ತೊಂದರೆ ಇಲ್ಲ. ಆದರೆ ಅದಕ್ಕೆ ಆಕಾಶ ಅಗಲವಾಗಿ ತೆರೆದಿರಬೇಕು. ಕಣಿವೆಯ ಗೋಡೆಯೋ ಎತ್ತರದ ಮರವೋ ಒಂದು ಬದಿ ಮುಚ್ಚಿದರೆ ಮಧ್ಯೆ ಮಧ್ಯೆ ಕಡಿಯುತ್ತಲೇ ಇರುತ್ತದೆ.

ಎರಡನೆಯದು ತೇವ. ಮನೆಯೊಳಗೆ ಆರ್ದ್ರತೆ ಶೇಕಡಾ 80 ದಾಟಿ ವಾರಗಟ್ಟಲೆ ನಿಂತಿತ್ತು. ಬೂಟುಗಳ ನಡು ಅಟ್ಟೆ ಪಾಲಿಯುರೆಥೇನ್ ಎಂಬ ನೊರೆಯಂಥ ಪ್ಲಾಸ್ಟಿಕ್ಕಿನದಾಗಿದ್ದರೆ ತೇವಕ್ಕೆ ಅದರ ಬಂಧಗಳು ಸಡಿಲಗೊಂಡು ಒಂದು ದಿನ ಪುಡಿಪುಡಿಯಾಗುತ್ತದೆ, ಅದೂ ಹಾಕದೆ ಎತ್ತಿಟ್ಟ ಬೂಟೇ ಬೇಗ. ಮಲಗುವ ಚೀಲದ ಪುಕ್ಕ ಗಂಟುಕಟ್ಟಿತು. ಹಗ್ಗಕ್ಕೆ ಮುಗ್ಗಲು ವಾಸನೆ ಬಂತು. ಒದ್ದೆ ನೈಲಾನ್ ಹಗ್ಗಕ್ಕೆ ಒಣಗಿದ್ದರಷ್ಟು ತಾಳಿಕೆ ಇಲ್ಲವೆಂದು ಗೊತ್ತಿದ್ದೂ ಅದನ್ನು ನಂಬಿ ತೂಗುವುದು ಹೇಗೆ? ಮೂರನೆಯದು ರಾತ್ರಿಯ ಚಳಿ. ಎತ್ತರ ಏರಿದಂತೆ ಸಾವಿರ ಮೀಟರಿಗೆ ಆರೂವರೆ ಡಿಗ್ರಿ ತಂಪು ಎಂಬುದು ಸರಾಸರಿ ಲೆಕ್ಕ. ಗಾಳಿಯಿಲ್ಲದ ತಿಳಿರಾತ್ರಿ ಇದು ತಲೆಕೆಳಗಾಗುತ್ತದೆ. ತಣ್ಣನೆಯ ಗಾಳಿ ಭಾರವಾಗಿ ಇಳಿದು ಕಣಿವೆಯ ತಳದಲ್ಲಿ ನಿಲ್ಲುತ್ತದೆ. ತಳದ ಮನೆಗೂ ಇಳಿಜಾರಿನಲ್ಲಿ 80 ಮೀಟರ್ ಮೇಲಿನ ಮನೆಗೂ ಬೆಳಗಿನ ಜಾವ ಮೂರು ನಾಲ್ಕು ಡಿಗ್ರಿ ವ್ಯತ್ಯಾಸ ಅಳೆದಿದ್ದೇನೆ. ಮಂಜು ಕೂರುವುದೂ ತಳದಲ್ಲೇ, ರಸ್ತೆ ಕಾಣದಿರುವುದೂ ಅಲ್ಲೇ. ಹೊಳೆಯ ಪಕ್ಕದ ಚಂದದ ಮನೆಗಿಂತ ಇಳಿಜಾರಿನ ನಡುವಿನ ಸಾಧಾರಣ ಮನೆ ಮೇಲು.

ಜಾಗ ಗುರುತಿಸಲು ನಾನು ಬಳಸಿದ್ದು ಸಮಕಾಲ ರೇಖೆ, ಅಂದರೆ ಒಂದು ಬಿಂದುವಿನಿಂದ ಇಷ್ಟು ನಿಮಿಷದಲ್ಲಿ ಎಲ್ಲೆಲ್ಲಿಗೆ ಮುಟ್ಟಬಹುದು ಎಂಬ ಗೆರೆ. ಹೊಸದೇನಲ್ಲ, ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಲಂಡನ್ನಿನಿಂದ ಜಗತ್ತಿನ ಯಾವ ಮೂಲೆಗೆ ಎಷ್ಟು ದಿನ ಎಂದು ಬಣ್ಣ ಹಚ್ಚಿ ತೋರಿಸಿದ್ದು 1881ರಲ್ಲಿ. ಈಗ ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಮುಕ್ತ ನಕ್ಷೆಯ ದತ್ತಾಂಶದ ಮೇಲೆ ಓಪನ್‌ರೂಟ್‌ಸರ್ವಿಸ್ ಎಂಬ ಜಾಲತಾಣ ಇದನ್ನು ಕ್ಷಣದಲ್ಲಿ ಬರೆದುಕೊಡುತ್ತದೆ. ಕಚೇರಿಯಿಂದ 50 ನಿಮಿಷದ ಗೆರೆ, ಹೆಚ್ಚು ಹೋಗುವ ಮೂರು ಹಾದಿಗಳ ಬಾಯಿಯಿಂದ 40 ನಿಮಿಷದ ಗೆರೆ. ಒಂದರ ಮೇಲೊಂದು ಇಟ್ಟರೆ ನಡುವೆ ದೋಣಿಯಾಕಾರದ ಒಂದು ತುಂಡು ಉಳಿಯುತ್ತದೆ. ಮೊದಲ ಸಲ ಆ ತುಂಡು ಸುಳ್ಳು ಹೇಳಿತು. ಅದು ಖಾಲಿ ರಸ್ತೆಯ ವೇಗ. ನನ್ನ ದಿನಚರಿಯ ಸಂಜೆ ಹೊತ್ತನ್ನು ಅದಕ್ಕೆ ಹೋಲಿಸಿದಾಗ ಪೇಟೆಯೊಳಗೆ 1.8 ಪಟ್ಟು, ಹೊರಗೆ 1.1 ಪಟ್ಟು ಬಂತು. ಕಚೇರಿಯ ಗೆರೆಯನ್ನು 30 ನಿಮಿಷಕ್ಕೆ ಕುಗ್ಗಿಸಿ ಮತ್ತೆ ಎಳೆದಾಗ ಉಳಿದದ್ದು ಬೆರಳಗಲದ ಒಂದು ಪಟ್ಟಿ. ಅದರೊಳಗೆ ಮೂರು ಸಣ್ಣ ಊರುಗಳು. ಒಂದಕ್ಕೆ ಇದ್ದದ್ದು ಒಂದೇ ರಸ್ತೆ, ಸೇತುವೆ ಮುಳುಗಿದರೆ ಮುಗಿಯಿತು. ಅದನ್ನು ಅಲ್ಲೇ ಬಿಟ್ಟೆ. ಎರಡು ಬೇರೆ ಬೇರೆ ರಸ್ತೆ ಇಲ್ಲದ ಊರಿಗೆ ಎಷ್ಟೇ ಕಡಿಮೆ ಬಾಡಿಗೆ ಇದ್ದರೂ ಹೋಗಬಾರದು.

ಉಳಿದ ಎರಡರಲ್ಲಿ ತಲಾ ಮೂರು ವಾರ ಇದ್ದು ನೋಡಿದೆ, ವರ್ಷದ ಅತಿ ಕೆಟ್ಟ ಹವೆಯ ತಿಂಗಳುಗಳಲ್ಲೇ. ಚೆಂದದ ತಿಂಗಳಲ್ಲಿ ಎಲ್ಲ ಮನೆಯೂ ಒಳ್ಳೆಯದೇ. ಕೆಲಸದ ದಿನ ಕನಿಷ್ಠ 12 ಆದರೂ ಅದರಲ್ಲಿರಬೇಕು. ನಿಮಿಷಕ್ಕೊಮ್ಮೆ ಪಿಂಗ್ (ಇಂಟರ್ನೆಟ್ ಇದೆಯೇ ಎಂದು ಕೇಳುವ ಸಣ್ಣ ಸಂದೇಶ) ಕಳಿಸಿ ದಾಖಲಿಸುವ ಸಣ್ಣ ಸ್ಕ್ರಿಪ್ಟು ಹಗಲೂ ರಾತ್ರಿ ಓಡಲಿ. ಸರಾಸರಿ ನೋಡಬೇಡಿ, ಕಡಿದ ನಿಮಿಷಗಳು ಒಟ್ಟಾಗಿ ಬರುತ್ತವೋ ಚೆದುರಿ ಬರುತ್ತವೋ ನೋಡಿ. ದಿನಕ್ಕೊಮ್ಮೆ 20 ನಿಮಿಷ ಒಟ್ಟಾಗಿ ಹೋದರೆ ಸಹಿಸಬಹುದು, ಗಂಟೆಗೆ ಎರಡೆರಡು ನಿಮಿಷ ಹೋದರೆ ಕೆಲಸವೇ ಆಗದು. ಆರ್ದ್ರತಾಮಾಪಕವನ್ನು ಮೇಜಿನ ಮೇಲಲ್ಲ, ಹೊರಗೋಡೆಗೆ ಒರಗಿದ ಬಟ್ಟೆ ಕಪಾಟಿನೊಳಗೆ ಇಡಿ. ಅಲ್ಲಿ 65 ದಾಟಿದರೆ ತೇವ ಹೀರುವ ಯಂತ್ರದ ಖರ್ಚನ್ನು ಬಾಡಿಗೆಗೆ ಕೂಡಿಸಿಕೊಳ್ಳಿ. ರಾತ್ರಿ ಹತ್ತಕ್ಕೆ ಆಸ್ಪತ್ರೆಯ ತುರ್ತು ಬಾಗಿಲಿನವರೆಗೆ ಒಮ್ಮೆ ಗಾಡಿ ಓಡಿಸಿ ಹೊತ್ತು ಬರೆದುಕೊಳ್ಳಿ. ಈ ಒಂದು ಕೆಲಸವನ್ನು ಯಾರೂ ಮಾಡುವುದಿಲ್ಲ, ಮಾಡಿದವರಿಗೇ ಅದರ ಬೆಲೆ ಗೊತ್ತು. ಮೂರು ವಾರಕ್ಕೆ ಮಾತ್ರ ಮನೆ ಕೊಡಲು ಮಾಲೀಕರನ್ನು ಒಪ್ಪಿಸುವ ಮಾತೊಂದಿದೆ. ಅದನ್ನು ಇಲ್ಲಿ ಬರೆದರೆ ಮುಂದಿನ ಸಲ ನನಗೇ ಕೆಲಸಕ್ಕೆ ಬಾರದು, ಹಾಗಾಗಿ ಬಿಟ್ಟಿದ್ದೇನೆ.

ಕೆಲಸದ ದಿನದ ಸಂಜೆಗೆ ಹಾದಿ ಆರಿಸುವಾಗ, ಬೆಟ್ಟದ ನಡಿಗೆಗೆ ಹಿಡಿಯುವ ಹೊತ್ತನ್ನು ಅಂದಾಜಿಸುವ ನೈಸ್ಮಿತ್ ಸೂತ್ರವೇ ಸಾಕು. 1892ರದ್ದಾದರೂ ಅದರಷ್ಟು ಕೈಗೆ ಒಗ್ಗುವುದು ಬೇರೆ ಸಿಕ್ಕಿಲ್ಲ: 5 ಕಿಲೋಮೀಟರಿಗೆ ಒಂದು ಗಂಟೆ, 600 ಮೀಟರ್ ಏರಿಗೆ ಇನ್ನೊಂದು ಗಂಟೆ. 4 ಕಿಲೋಮೀಟರ್ ಸುತ್ತು, 300 ಮೀಟರ್ ಏರು ಎಂದರೆ 78 ನಿಮಿಷ. ಸೂತ್ರದಲ್ಲಿ ನಿಲ್ಲುವ ಹೊತ್ತು ಸೇರಿಲ್ಲ, ಕಾಲು ಭಾಗ ಕೂಡಿಸಿ. ಮನೆಯಲ್ಲೇ ಕೂತು ಕೆಲಸ ಮಾಡುವ ದಿನ ನಾಲ್ಕೂವರೆಗೆ ಹೊರಟು ಐದೂಹತ್ತಕ್ಕೆ ಮುಟ್ಟಿದರೆ, ಆರೂಮುಕ್ಕಾಲಿನ ಸೂರ್ಯಾಸ್ತಕ್ಕೆ ಸರಿಯಾಗಿ ಕೂರುತ್ತದೆ. ಸಮಭಾಜಕದ ಹತ್ತಿರ ಇರುವವರಿಗೆ ಸಂಜೆಗತ್ತಲು ಇಪ್ಪತ್ತು ಇಪ್ಪತ್ತೈದು ನಿಮಿಷ ಮಾತ್ರ, ತಲೆದೀಪ ಚೀಲದಲ್ಲೇ ಇರಬೇಕು.

ನಡುವೆ ಮಾಡಿದ ಬೇರೆ ಪ್ರಯೋಗಗಳು ಕೆಲವು. ಪೇಟೆಯಲ್ಲಿ ಒಂದು ಕೋಣೆ, ಬೆಟ್ಟದ ಬಳಿ ಒಂದು ಕೋಣೆ ಇಟ್ಟುಕೊಂಡದ್ದು ಐದು ತಿಂಗಳು ನಡೆಯಿತು. ಎರಡೂ ಬಾಡಿಗೆ ಸೇರಿ 110, ಸಾಲದ್ದಕ್ಕೆ ಚಾರ್ಜರಿನಿಂದ ಕಂಬಳಿಯವರೆಗೆ ಎಲ್ಲವೂ ಎರಡೆರಡು. ಬೇಕಾದ ಸರಂಜಾಮು ಯಾವಾಗಲೂ ಇನ್ನೊಂದು ಕೋಣೆಯಲ್ಲೇ ಇರುತ್ತಿತ್ತು. ಹಾದಿಯ ಬಾಯಿಯ ಹತ್ತಿರ ಪೆಟ್ಟಿಗೆಯಲ್ಲಿ ಸಾಮಾನು ಇಟ್ಟದ್ದು ತೇವದಿಂದ ಹಾಳಾಯಿತು, ಅದೇ ಪಾಲಿಯುರೆಥೇನ್ ಕಥೆ. ಮಡಚುವ ಸೈಕಲ್ ಜೊತೆ ರೈಲು ಚೆನ್ನಾಗಿಯೇ ಕೂಡಿಬಂತು, ಹೋಗುವಾಗ. ಬರುವಾಗ ಸಂಜೆಯ ಗಾಡಿ ತಪ್ಪಿದರೆ ಮುಂದಿನದಕ್ಕೆ ಎರಡು ಗಂಟೆ. ಬಂಡೆ ಹತ್ತುವ ಅಭ್ಯಾಸಕ್ಕೆಂದೇ ಇರುವ ಪೇಟೆಯ ಒಳಾಂಗಣ ಗೋಡೆಯಲ್ಲಿ ವಾರಕ್ಕೆ ಎರಡು ಸಲ ಹತ್ತಿದ್ದರಿಂದ ಬೆರಳಿಗೆ ಬಲ ಬಂತು ನಿಜ, ಆದರೆ ಆ ತಿಂಗಳುಗಳಲ್ಲಿ ಬಂಡೆಗೆ ಹೋದದ್ದು ಅರ್ಧಕ್ಕಿಳಿಯಿತು.

ಮನೆ ಸಿಕ್ಕ ಮೇಲೂ ಬೆಟ್ಟಕ್ಕೆ ಹೋಗುವ ಎಣಿಕೆ ಏರಿದ್ದು ಬಾಗಿಲ ಬಳಿಯ ಏರ್ಪಾಡಿನಿಂದ. ಹೋಗೋಣ ಎಂದುಕೊಂಡಲ್ಲಿಂದ ಗಾಡಿ ಹೊರಡುವವರೆಗೆ ಮೊದಲು 25 ನಿಮಿಷ ಹಿಡಿಯುತ್ತಿತ್ತು, ಈಗ 6. ಸಂಜೆಯ ಚೀಲ, ಇಡೀ ದಿನದ ಚೀಲ, ಹಗ್ಗದ ಚೀಲ ಮೂರೂ ತುಂಬಿಯೇ ತೂಗುತ್ತವೆ. ವಾಪಸಾದ ರಾತ್ರಿಯೇ ಮತ್ತೆ ತುಂಬಬೇಕು, ಸ್ನಾನಕ್ಕೂ ಮೊದಲು. ತಲೆದೀಪದ ಬ್ಯಾಟರಿ ಮಾತ್ರ ಪ್ರತಿ ರಾತ್ರಿ ಚಾರ್ಜಿಗೆ. ಹೆಚ್ಚುವರಿ ಲಿಥಿಯಂ ಬ್ಯಾಟರಿಗಳನ್ನು ಅರ್ಧ ಚಾರ್ಜಿನಲ್ಲಿ ಎತ್ತಿಟ್ಟರೆ ಹೆಚ್ಚು ಬಾಳುತ್ತವೆ. ಪುಕ್ಕದ ಮಲಗುಚೀಲ ಒತ್ತದೆ ದೊಡ್ಡ ಬಟ್ಟೆಚೀಲದಲ್ಲಿ ಸಡಿಲವಾಗಿ ಇರಲಿ.

ದಿನಚರಿಯ ಕಾರಣದ ಕಾಲಂ ಈಗಲೂ ನಿಲ್ಲಿಸಿಲ್ಲ. ಕಳೆದ ಮಳೆಗಾಲದಲ್ಲಿ ಅಲ್ಲಿ ಪದೇ ಪದೇ ಬಂದದ್ದು "ಬೂಟು ಒಣಗಿಲ್ಲ". ಹಳೆಯ ಕಂಪ್ಯೂಟರಿನ 12 ವೋಲ್ಟಿನ ಫ್ಯಾನೊಂದನ್ನು ಮರದ ಪೆಟ್ಟಿಗೆಗೆ ಕೂರಿಸಿ, ಎರಡು ಪಿವಿಸಿ ಕೊಳವೆ ನೆಟ್ಟು, ಒಳ ಅಟ್ಟೆ ತೆಗೆದ ಬೂಟುಗಳನ್ನು ಅದರ ಮೇಲೆ ಬೋರಲು ಹಾಕಿದ್ದೇನೆ. ಬಿಸಿಗಾಳಿ ಬೇಡ, ಅಂಟು ಬಿಡುತ್ತದೆ. ಬರಿಯ ಗಾಳಿಗೆ ಒಂಬತ್ತು ಹತ್ತು ಗಂಟೆಯಲ್ಲಿ ಒಣಗುತ್ತವೆ. ಕೊಳವೆಯ ತುದಿಯನ್ನು ಓರೆಯಾಗಿ ಕತ್ತರಿಸದಿದ್ದರೆ ಬೂಟಿನ ಮೂತಿಗೆ ಗಾಳಿ ಹೋಗುವುದಿಲ್ಲ.