ಕಾರವಾರದ ನೀರು, ಧಾರವಾಡದ ಮೈಕ್ರೋಸ್ಕೋಪು

ಮೊದಲ ಸಲ ಕಾರವಾರದ ಕೋಡಿಬಾಗದಲ್ಲಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ಎಣಿಸಲು ಸಮುದ್ರದ ನೀರು ತುಂಬಿಕೊಂಡು, ಕೆಡಬಾರದೆಂದು ಫಾರ್ಮಲಿನ್ ಹಾಕಿ, ಅರಬೈಲ್ ಘಟ್ಟ ಹತ್ತಿ ಧಾರವಾಡಕ್ಕೆ ಬಂದೆ. ಮರುದಿನ ಕಾಲೇಜಿನ ಲ್ಯಾಬಿನಲ್ಲಿ ನೋಡಿದರೆ ಡಯಾಟಮ್ ಎಂಬ ಒಂಟಿಕೋಶದ ಪಾಚಿಗಳ ಗಾಜಿನಂಥ ಚಿಪ್ಪುಗಳು ಬೇಕಾದಷ್ಟಿದ್ದವು. ಅವನ್ನು ಮೇಯುವ ಸಿಲಿಯೇಟ್‌ಗಳು, ಅಂದರೆ ಸಣ್ಣ ಕೂದಲಿನಂಥ ಎಳೆಗಳಿಂದ ಈಜುವ ಒಂಟಿಕೋಶದ ಜೀವಿಗಳು, ಮಾತ್ರ ಹೆಚ್ಚುಕಡಿಮೆ ಕಾಣಲೇ ಇಲ್ಲ. ಅವುಗಳಲ್ಲೇ ಹೂಜಿಯಂಥ ಗೂಡು ಕಟ್ಟಿಕೊಳ್ಳುವ ಟಿಂಟಿನಿಡ್‌ಗಳು ಅಲ್ಲೊಂದು ಇಲ್ಲೊಂದು ಉಳಿದಿದ್ದವು, ಅವೂ ಬಹುಪಾಲು ಖಾಲಿ ಗೂಡು. ಮೈಗೆ ಚಿಪ್ಪಿಲ್ಲದವು ಫಾರ್ಮಲಿನ್‌ನಲ್ಲಿ ಒಡೆದುಹೋಗುತ್ತವೆ. ಅಂದಿನಿಂದ ಆಮ್ಲ ಸೇರಿಸಿದ ಲುಗಾಲ್ ಅಯೋಡಿನ್ ಬಿಟ್ಟು ಬೇರೇನೂ ಮುಟ್ಟಿಲ್ಲ.

ಎಣಿಸುವುದಷ್ಟೇ ಸಾಲದು, ಸಿಲಿಯೇಟ್‌ನಂಥ ಈ ಜೀವಿಗಳು ದಿನಕ್ಕೆ ಎಷ್ಟು ತಿನ್ನುತ್ತವೆ ಎಂದು ತಿಳಿಯಬೇಕಿತ್ತು. ಅದಕ್ಕೆ 1982ರಲ್ಲಿ ಲ್ಯಾಂಡ್ರಿ ಮತ್ತು ಹ್ಯಾಸೆಟ್ ಎಂಬ ಸಂಶೋಧಕರು ತೋರಿಸಿಕೊಟ್ಟ ದಾರಿ ಇದೆ. 200 ಮೈಕ್ರಾನ್ ಜಾಲರಿಯಲ್ಲಿ ಸೋಸಿ ಕೋಪಿಪಾಡ್ ಎಂಬ ಪುಟ್ಟ ಸಿಗಡಿಯಂಥ ಪ್ರಾಣಿಗಳನ್ನು ತೆಗೆದ ನೀರಿಗೆ, 0.2 ಮೈಕ್ರಾನ್ ಫಿಲ್ಟರ್‌ನಲ್ಲಿ ಇಳಿಸಿದ, ಜೀವಿಗಳಿಲ್ಲದ ಸಮುದ್ರದ ನೀರನ್ನೇ ಬೇರೆ ಬೇರೆ ಪ್ರಮಾಣದಲ್ಲಿ ಬೆರೆಸಿ 24 ಗಂಟೆ ಇಡುವುದು.

ಇದನ್ನು ಹೇಳಿದಾಗ ವಿದ್ಯಾರ್ಥಿನಿಯೊಬ್ಬಳು ಕೇಳಿದಳು: "ಸರ್, ನೀರು ಬೆರೆಸಿದ್ರ ತಿನ್ನೋವು ಕಡಿಮಿ ಆಗ್ತಾವು ಖರೆ, ತಿನಸೂ ಕಡಿಮಿ ಆಗ್ತದಲ್ರಿ?" ಬಹಳ ಒಳ್ಳೆಯ ಪ್ರಶ್ನೆ. ನಮ್ಮ ಹಾವೇರಿ ಕಡೆಯ ಕುರಿಮಂದೆಯನ್ನೇ ಉದಾಹರಣೆ ಕೊಟ್ಟೆ. ಹೊಲ ಎರಡರಷ್ಟು ಹಿಗ್ಗಿ, ಹುಲ್ಲೂ ಕುರಿಯೂ ಅಷ್ಟಷ್ಟೇ ಉಳಿದವು ಅನ್ನು. ಒಂದೊಂದು ಹುಲ್ಲಿನೆಸಳೂ ಮೊದಲಿನ ವೇಗದಲ್ಲೇ ಬೆಳೆಯುತ್ತದೆ, ಆದರೆ ಅದರ ಹತ್ತಿರ ಕುರಿ ಬರುವ ಸಂಭವ ಅರ್ಧಕ್ಕಿಳಿಯುತ್ತದೆ. ನೀರು ತೆಳುವಾದಷ್ಟೂ ಸಸ್ಯಪ್ಲವಕಗಳು, ಅಂದರೆ ಡಯಾಟಮ್‌ನಂಥ ತೇಲುವ ಪಾಚಿಗಳು, ಎಷ್ಟು ಹೆಚ್ಚು ಬೆಳೆದವು ಎಂಬುದರಿಂದಲೇ ಮೇಯುವಿಕೆಯ ಲೆಕ್ಕ ಸಿಗುತ್ತದೆ.

ಕೈ ಮಾತ್ರ ಹಗುರ ಇರಬೇಕು. ನೀರನ್ನು ಮೇಲಿಂದ ಸುರಿದರೆ ಗುಳ್ಳೆ ಎದ್ದು ಸಿಲಿಯೇಟ್‌ಗಳು ಸಾಯುತ್ತವೆ. ನಾನು ಪೈಪಿನ ತುದಿಯನ್ನು ನೀರಿನೊಳಗೇ ಮುಳುಗಿಸಿ ಸಾವಕಾಶ ಹರಿಸುತ್ತೇನೆ. ಬಾಟಲಿಗಳನ್ನು ಸಮುದ್ರದ ನೀರು ತುಂಬಿದ ಟಬ್ಬಿನಲ್ಲಿಟ್ಟು ನೆರಳಿನ ಜಾಲರಿ ಹೊದಿಸಬೇಕು. ಮರುದಿನ ಲುಗಾಲ್ ಹಾಕಿ ಊರಿಗೆ ತಂದರೆ ಎಣಿಕೆ ವಾರಗಟ್ಟಲೆ ನಡೆಯುತ್ತದೆ.

ಇಷ್ಟೆಲ್ಲ ಯಾಕೆಂದರೆ, ಸಮುದ್ರದ ಹಸಿರನ್ನು ಹೆಚ್ಚಾಗಿ ಮೇಯುವವು ಸಿಲಿಯೇಟ್‌ನಂಥ ಈ ಸೂಕ್ಷ್ಮಜೀವಿಗಳೇ. 2004ರಲ್ಲಿ ಕಾಲ್ಬೆಟ್ ಮತ್ತು ಲ್ಯಾಂಡ್ರಿ ಜಗತ್ತಿನ ನಾನಾ ಕಡಲುಗಳ ಅಳತೆಗಳನ್ನು ಕೂಡಿಸಿದಾಗ, ಸಸ್ಯಪ್ಲವಕಗಳ ದಿನದ ಬೆಳವಣಿಗೆಯಲ್ಲಿ ಸುಮಾರು ಮೂರರಲ್ಲಿ ಎರಡು ಪಾಲು ಇವುಗಳ ಹೊಟ್ಟೆಗೇ ಹೋಗುವುದು ಕಂಡುಬಂತು. ಕೋಪಿಪಾಡ್‌ಗೆ ಹಿಡಿಯಲಾಗದಷ್ಟು ಸಣ್ಣ ಕೋಶಗಳನ್ನು ಇವು ತಿಂದು, ತಾವು ಕೋಪಿಪಾಡ್‌ಗೆ ಆಹಾರವಾಗುತ್ತವೆ. ಹಾಗೆ ಆ ಹಸಿರು ಮೀನಿನವರೆಗೆ ತಲುಪುತ್ತದೆ. ಕೋಪಿಪಾಡ್ ಮೊಟ್ಟೆಯಿಂದ ಬೆಳೆಯಲು ವಾರಗಳು ಬೇಕು. ಸಿಲಿಯೇಟ್ ಒಂದು ದಿನದಲ್ಲೇ ಎರಡಾಗಬಲ್ಲದು, ಹಾಗಾಗಿ ಪಾಚಿ ಹೆಚ್ಚಿದ ಬೆನ್ನಿಗೇ ಅದೂ ಹೆಚ್ಚುತ್ತದೆ.

ಎರಡನೇ ಪ್ರಯೋಗದಲ್ಲಿ ತೆಳು ಮಾಡಿದ ಬಾಟಲಿಗಳಲ್ಲಿ ಬೆಳವಣಿಗೆ ನಾನು ನಿರೀಕ್ಷಿಸಿದಷ್ಟು ಬರಲಿಲ್ಲ. ಉತ್ತರ ಮತ್ತೆ ಕುರಿಯಲ್ಲೇ ಇತ್ತು. ನಮ್ಮಲ್ಲಿ ಗೊಬ್ಬರಕ್ಕೆಂದು ಹೊಲದಲ್ಲಿ ಕುರಿ ನಿಲ್ಲಿಸುತ್ತಾರಲ್ಲ, ಈ ಜೀವಿಗಳೂ ತಿಂದದ್ದರಲ್ಲಿ ಒಂದು ಪಾಲನ್ನು ಅಮೋನಿಯವಾಗಿ ನೀರಿಗೇ ಬಿಡುತ್ತವೆ. ಮೇಯುವವನ್ನು ಕಡಿಮೆ ಮಾಡುವಾಗ ಗೊಬ್ಬರವನ್ನೂ ಕಡಿಮೆ ಮಾಡಿದ್ದೆ. ಈಗ ಎಲ್ಲ ಬಾಟಲಿಗಳಿಗೂ ಒಂದೇ ಸಮ ನೈಟ್ರೇಟ್, ಫಾಸ್ಫೇಟ್ ಹಾಕುತ್ತೇನೆ. ಗೊಬ್ಬರವಿಲ್ಲದ ಸಹಜ ಬೆಳವಣಿಗೆ ತಿಳಿಯಲೆಂದು, ಬೆರಕೆಯಿಲ್ಲದ ನೀರಿನ ಒಂದು ಬಾಟಲಿಗೆ ಮಾತ್ರ ಏನನ್ನೂ ಹಾಕದೆ ಪಕ್ಕದಲ್ಲಿಡುತ್ತೇನೆ.